ಗಾಲ್ವೇಯ ಬೇಸಿಗೆ: ಅಳಿಯನಿಗೆ ಬರೆದ ಪತ್ರ

ಹೊನ್ನಾವರ,
ಮೇ ತಿಂಗಳ ಕೊನೆಯ ವಾರ

ಚಿ. ಸುಹಾಸನಿಗೆ ನಿನ್ನ ಸೋದರಮಾವ ಮಾಡುವ ಆಶೀರ್ವಾದಗಳು. ಇಲ್ಲಿ ನಾವೆಲ್ಲರೂ ಕ್ಷೇಮ. ನಿನ್ನ ಕ್ಷೇಮಕ್ಕೆ ಆಗಾಗ ಬರೆಯುತ್ತಿರು.

ಮೊನ್ನೆ ನಿನ್ನ ಅಮ್ಮ ಫೋನಿನಲ್ಲಿ, “ಗಾಲ್ವೇಗೆ ಹೋಗಿ ನಾಲ್ಕು ತಿಂಗಳಾದರೂ ಅವನಿಗೆ ಆಫೀಸು ಮತ್ತು ಕೋಣೆ ಬಿಟ್ಟು ಮೂರನೆಯ ಜಾಗ ಗೊತ್ತಿಲ್ಲ, ಬಿಸಿಲು ಬರಲಿ, ಆಮೇಲೆ ಸುತ್ತಾಡುತ್ತೇನೆ ಎನ್ನುತ್ತಾನೆ” ಎಂದು ಹೇಳಿಕೊಂಡಳು. ಅದನ್ನು ಕೇಳಿ ನನಗೆ ಸುಮ್ಮನಿರಲು ಆಗಲಿಲ್ಲ. ಐರ್ಲೆಂಡಿನ ಪಶ್ಚಿಮ ಕರಾವಳಿಯ ಅದೇ ಊರಿನಲ್ಲಿ, ವೈದ್ಯಕೀಯ ಉಪಕರಣ ತಯಾರಿಸುವ ಒಂದು ಕಾರ್ಖಾನೆಯಲ್ಲಿ ಒಂಬತ್ತು ವರ್ಷ ದುಡಿದವನು ನಾನು. ಬಿಸಿಲಿಗಾಗಿ ಕಾಯುತ್ತ ಮೊದಲ ಎರಡು ಬೇಸಿಗೆಗಳನ್ನು ಕಿಟಕಿಯ ಪಕ್ಕದಲ್ಲೇ ಕಳೆದೆ. ಆ ಎರಡು ವರ್ಷಗಳ ಕೊರಗು ಇನ್ನೂ ನನ್ನನ್ನು ಬಿಟ್ಟಿಲ್ಲ. ನಿನಗೆ ಅದು ಬರಬಾರದೆಂದು ಈ ಪತ್ರ.

ಬೇಸಿಗೆ ಎಂದರೆ ನಮ್ಮ ಕರಾವಳಿಯವರಿಗೆ ನೆನಪಾಗುವುದು ಸೆಖೆ ಮತ್ತು ಬೆವರು. ಅಲ್ಲಿಯ ಬೇಸಿಗೆಯನ್ನು ಬೆಳಕಿನಿಂದ ಅಳೆಯಬೇಕು. ಜೂನ್ ಮೂರನೆಯ ವಾರದಲ್ಲಿ ಗಾಲ್ವೇಯಲ್ಲಿ ಬೆಳಗ್ಗೆ ಐದು ದಾಟುತ್ತಿದ್ದಂತೆ ಹುಟ್ಟುವ ಸೂರ್ಯ ಮುಳುಗುವುದು ರಾತ್ರಿ ಹತ್ತು ದಾಟಿದ ಮೇಲೆ. ಹೊನ್ನಾವರದಲ್ಲಿ ವರ್ಷದ ಅತಿ ದೊಡ್ಡ ಹಗಲು 13 ಗಂಟೆಯಾದರೆ ಅಲ್ಲಿ ಅದು 17 ಗಂಟೆ. ಉಷ್ಣಾಂಶ 20 ಡಿಗ್ರಿ ಮುಟ್ಟಿದರೆ ಅದೇ ಒಳ್ಳೆಯ ದಿನ, ಮಳೆಯಂತೂ ಯಾವ ಹೊತ್ತಿನಲ್ಲಾದರೂ ಬಂದು ಹೋಗುತ್ತದೆ. ಆದರೆ ಐದೂವರೆಗೆ ಕೆಲಸ ಬಿಟ್ಟವನ ಕೈಯಲ್ಲಿ ಇನ್ನೂ ನಾಲ್ಕೂವರೆ ಗಂಟೆಯ ಹಗಲು ಉಳಿದಿರುತ್ತದೆ, ಅದು ವಾರದ ಪ್ರತಿದಿನವೂ ಉಳಿದಿರುತ್ತದೆ ಎಂಬುದನ್ನು ನಾನು ಮೂರನೆಯ ವರ್ಷ ಅರಿತೆ. ಸಂಜೆಗಳು ಎಷ್ಟು ಚೆನ್ನಾಗಿ ಚಾಚಿಕೊಂಡಿವೆ ನೋಡಿ ಎಂದು ಅಲ್ಲಿಯವರು ಅಂಗಡಿಯಲ್ಲಿ, ಬಸ್ ನಿಲ್ದಾಣದಲ್ಲಿ ಒಬ್ಬರಿಗೊಬ್ಬರು ಹೇಳಿಕೊಳ್ಳುವುದನ್ನು ನೀನೂ ಕೇಳಿರುತ್ತೀ. ಅದನ್ನು ಬರಿಯ ಉಪಚಾರದ ಮಾತೆಂದು ತಿಳಿಯಬೇಡ. ನವೆಂಬರಿನಲ್ಲಿ ಸಂಜೆ ಐದಕ್ಕೇ ಕತ್ತಲಾದಾಗ ಆ ಮಾತಿನ ತೂಕ ತಾನಾಗಿಯೇ ಗೊತ್ತಾಗುತ್ತದೆ. ನಮ್ಮ ಮೈಬಣ್ಣದವರಿಗೆ ಅಷ್ಟು ಉತ್ತರದ ನಾಡಿನಲ್ಲಿ ಡಿ ಜೀವಸತ್ವದ ಕೊರತೆ ಬೇಗ ಕಾಡುತ್ತದೆ ಎಂದು ಅಲ್ಲಿಯ ವೈದ್ಯರು ನನಗೆ ಹೇಳಿದ್ದರು. ಹೊರಗೆ ಹೋಗುವುದಕ್ಕೆ ಅದೂ ಒಂದು ಕಾರಣ. ಆದ್ದರಿಂದ ಒಂದು ಒಳ್ಳೆಯ ಮಳೆಜಾಕೆಟ್ಟು ಕೊಂಡುಕೋ, ಅದನ್ನು ಚೀಲದಲ್ಲಿ ಇಟ್ಟೇ ಇರು, ಮತ್ತು ಆಕಾಶದ ಅಪ್ಪಣೆಗೆ ಕಾಯುವುದನ್ನು ಇಂದೇ ನಿಲ್ಲಿಸು.

ಆರಂಭಕ್ಕೆ ಸಾಲ್ಟ್‌ಹಿಲ್ ಸಾಕು. ಊರಿನ ನಡುವಿನಿಂದ ನಡೆದೇ ಹೋಗಬಹುದಾದ ಆ ಕಡಲದಂಡೆಯ ಕಾಲುದಾರಿ ಸುಮಾರು 2 ಕಿ.ಮೀ. ಉದ್ದವಿದೆ, ಎಡಕ್ಕೆ ಗಾಲ್ವೇ ಕೊಲ್ಲಿ, ಅದರಾಚೆ ಕ್ಲೇರ್ ಜಿಲ್ಲೆಯ ಬರೆನ್ ಗುಡ್ಡಗಳ ಬೂದುಬಣ್ಣದ ಸುಣ್ಣಕಲ್ಲು. ದಾರಿ ಮುಗಿಯುವಲ್ಲಿ ಒಂದು ಗೋಡೆಯಿದೆ. ನಡೆದು ಬಂದವರು ಅದನ್ನು ಕಾಲಿನಿಂದ ಒಮ್ಮೆ ಒದ್ದು ಹಿಂದಿರುಗುವುದು ಆ ಊರಿನ ಹಳೆಯ ರೂಢಿ. ನನಗೆ ಕಾಲು ತಾಗಿಸಲು ಮನಸ್ಸು ಬಾರದೆ ಅಂಗೈಯಿಂದ ಮುಟ್ಟಿ ಬರುತ್ತಿದ್ದೆ. ನನ್ನೊಡನೆ ನಡೆಯುತ್ತಿದ್ದ ಸಹೋದ್ಯೋಗಿ ಅದಕ್ಕೆ ಕಾರಣ ಕೇಳಿದ ಸಂಜೆಯಿಂದಲೇ ನಮ್ಮಿಬ್ಬರ ನಡುವೆ ಕೆಲಸಕ್ಕೆ ಹೊರತಾದ ಮಾತು ಶುರುವಾದದ್ದು.

ಆ ಗೋಡೆಯ ಹತ್ತಿರವೇ ಬ್ಲ್ಯಾಕ್‌ರಾಕ್‌ನ ಹಳದಿ ಬಣ್ಣದ ಧುಮುಕುಗೋಪುರವಿದೆ. ಇದರ ಬಗ್ಗೆ ವಿವರವಾಗಿ ಬರೆಯಬೇಕು, ಏಕೆಂದರೆ ನಾನು ಎಡವಿದ್ದು ಅಲ್ಲೇ. ಮೂರನೆಯ ಬೇಸಿಗೆಯ ಜುಲೈ ತಿಂಗಳ ಒಂದು ಸಂಜೆ, ಗಾಳಿಯಿಲ್ಲದೆ ಸಮುದ್ರ ತಟ್ಟೆಯಂತೆ ಮಲಗಿತ್ತು. ಎಂಟು ವರ್ಷದ ಮಕ್ಕಳಿಂದ ಎಪ್ಪತ್ತರ ಅಜ್ಜಿಯರವರೆಗೆ ಎಲ್ಲರೂ ನೀರಿಗಿಳಿಯುತ್ತಿದ್ದರು. ಶರಾವತಿಯ ಅಳಿವೆಯಲ್ಲಿ ಈಜು ಕಲಿತವನಿಗೆ ಇದೇನು ಮಹಾ ಎಂದುಕೊಂಡು ನಾನು ಮೆಟ್ಟಿಲಿಳಿಯುವ ತಾಳ್ಮೆಯೂ ಇಲ್ಲದೆ ನೇರವಾಗಿ ಹಾರಿದೆ. ನಮ್ಮ ಕಡಲಿನ ನೀರು 28 ಡಿಗ್ರಿ ಇದ್ದರೆ ಅಲ್ಲಿ ಬೇಸಿಗೆಯ ನಟ್ಟನಡುವೆಯೂ ಸುಮಾರು 15 ಡಿಗ್ರಿ. ತಲೆ ಮೇಲೆ ಬಂದಾಗ ಎದೆಯನ್ನು ಹಗ್ಗದಿಂದ ಬಿಗಿದಂತಾಗಿತ್ತು. ಉಸಿರು ಒಳಗೆ ಹೋಗುತ್ತಿತ್ತೇ ಹೊರತು ಹೊರಗೆ ಬರುತ್ತಿರಲಿಲ್ಲ. ಕೂಗಲು ಬಾಯಿ ತೆರೆದರೆ ದನಿಯ ಬದಲು ಉಪ್ಪುನೀರು. ಪಕ್ಕದಲ್ಲಿ ಈಜುತ್ತಿದ್ದ ಹಿರಿಯ ಹೆಂಗಸೊಬ್ಬರು ನನ್ನ ಮುಖ ನೋಡಿದವರೇ, ಬೆನ್ನ ಮೇಲೆ ಮಲಗು, ಕೈಕಾಲು ಬಡಿಯಬೇಡ, ಸುಮ್ಮನೆ ತೇಲು ಎಂದು ಗಟ್ಟಿಯಾಗಿ ಹೇಳಿದರು. ಹಾಗೆಯೇ ಮಾಡಿದೆ. ಒಂದು ನಿಮಿಷದೊಳಗೆ ಉಸಿರು ಹತೋಟಿಗೆ ಬಂತು. ದಡಕ್ಕೆ ಬಂದು ಕಲ್ಲಿನ ಬೆಂಚಿನ ಮೇಲೆ ಕುಳಿತಾಗ ಬೆರಳುಗಳು ಮರಗಟ್ಟಿ ಅಂಗಿಯ ಗುಂಡಿ ಹಾಕಲಾಗಲಿಲ್ಲ. ಆ ತಾಯಿಯೇ ತಮ್ಮ ಫ್ಲಾಸ್ಕಿನ ಮುಚ್ಚಳಕ್ಕೆ ಚಹಾ ಬಗ್ಗಿಸಿ, ನಾನು ಎರಡೂ ಕೈಯಲ್ಲಿ ಹಿಡಿದುಕೊಳ್ಳುವವರೆಗೆ ಅದನ್ನು ಬಿಡದೆ ಹಿಡಿದಿದ್ದರು.

ಹೀಗೆಂದು ನೀರಿಗೆ ಹೋಗಬೇಡ ಎನ್ನುವವನು ನಾನಲ್ಲ. ಅನಂತರದ ಆರು ವರ್ಷ ನಾನು ಅಲ್ಲೇ ಈಜಿದ್ದೇನೆ, ಆ ಆನಂದಕ್ಕೆ ಸಾಟಿಯಿಲ್ಲ. ಆದರೆ ಮೆಟ್ಟಿಲುಗಳ ಮೇಲೆ ನಿಧಾನವಾಗಿ ಇಳಿ, ಕುತ್ತಿಗೆಗೂ ಮುಖಕ್ಕೂ ನೀರು ಚಿಮುಕಿಸಿಕೊಂಡು ಉಸಿರು ಸಮವಾಗುವವರೆಗೆ ಕಾಯು. ಮೊದಲ ಒಂದೆರಡು ನಿಮಿಷಗಳಲ್ಲಿ ಬರುವ ಆ ತಣ್ಣೀರಿನ ಆಘಾತವೇ ಒಳ್ಳೆಯ ಈಜುಗಾರರನ್ನೂ ಮುಳುಗಿಸುವುದು. ದಡಕ್ಕೆ ಸಮಾನಾಂತರವಾಗಿ, ಕಾಲು ನೆಲಕ್ಕೆ ಸಿಗುವ ಆಳದಲ್ಲಿ ಮಾತ್ರ ಈಜು, ಹತ್ತು ನಿಮಿಷಕ್ಕೆ ಮೇಲೆ ಬಾ, ಒಬ್ಬನೇ ಎಂದೂ ಇಳಿಯಬೇಡ. ಬೇಸಿಗೆಯಲ್ಲಿ ಜೀವರಕ್ಷಕರು ಇರುವ ಕಡಲತೀರಗಳಲ್ಲಿ ಕೆಂಪು ಮತ್ತು ಹಳದಿ ಬಣ್ಣದ ಬಾವುಟಗಳ ನಡುವೆ ಈಜಬೇಕು; ಪೂರ್ತಿ ಕೆಂಪು ಬಾವುಟ ಹಾರುತ್ತಿದ್ದರೆ ಅಂದು ನೀರಿನ ಮಾತೇ ಬೇಡ. ಯಾರಾದರೂ ಅಪಾಯದಲ್ಲಿ ಕಂಡರೆ 112ಕ್ಕೆ ಕರೆಮಾಡಿ ಕರಾವಳಿ ಕಾವಲು ಪಡೆಯನ್ನು ಕೇಳಬೇಕು. ಇನ್ನು ಊರಿನ ಮಧ್ಯೆ ಹರಿಯುವ ಕೊರಿಬ್ ನದಿಯಲ್ಲಿ ಎಷ್ಟೇ ಬಿಸಿಲಿದ್ದರೂ ಇಳಿಯಕೂಡದು. ಐರಿಷ್ ಗಣರಾಜ್ಯದ ಅತಿ ದೊಡ್ಡ ಕೆರೆಯ ನೀರನ್ನೆಲ್ಲ ಹೊತ್ತು ಬರೀ 6 ಕಿ.ಮೀ. ದೂರದಲ್ಲಿ ಸಮುದ್ರಕ್ಕೆ ಸುರಿಯುವ ಆ ಹೊಳೆಯ ಸೆಳೆತ ಭಯಂಕರವಾದದ್ದು. ಅದನ್ನು ನೋಡಬೇಕೆನಿಸಿದರೆ ಜೂನ್ ತಿಂಗಳಲ್ಲಿ ಸಾಮನ್ ವಿಯರ್ ಸೇತುವೆಯ ಮೇಲೆ ನಿಂತುಕೋ. ನೀರು ತಿಳಿಯಾಗಿದ್ದರೆ, ಕಡಲಿನಿಂದ ಮೇಲೇರಿ ಬಂದ ಸಾಮನ್ ಮೀನುಗಳು ಹರಿವಿಗೆ ಎದುರಾಗಿ, ಬಾಲವನ್ನಷ್ಟೇ ಅಲುಗಿಸುತ್ತ ಒಂದೇ ಕಡೆ ನಿಂತಿರುವುದು ಕಾಣುತ್ತದೆ.

ಉಬ್ಬರವಿಳಿತದ ವಿಷಯದಲ್ಲೂ ನಮ್ಮ ತಿಳಿವಳಿಕೆ ಅಲ್ಲಿ ಸಾಲದು. ನಮ್ಮ ಕರಾವಳಿಯಲ್ಲಿ ಅದರ ಅಂತರ ಆಳೆತ್ತರಕ್ಕಿಂತ ಹೆಚ್ಚಿರುವುದಿಲ್ಲ; ಗಾಲ್ವೇ ಕೊಲ್ಲಿಯಲ್ಲಿ ಹುಣ್ಣಿಮೆ ಅಮಾವಾಸ್ಯೆಗಳ ಆಸುಪಾಸಿನಲ್ಲಿ ಅದು 4 ಮೀಟರ್ ಮೀರುತ್ತದೆ. ಕ್ಲಿಫ್ಡನ್ ಪಟ್ಟಣದ ಆಚೆ ಓಮಿ ಎಂಬ ದ್ವೀಪವಿದೆ. ಇಳಿತದ ಹೊತ್ತಿನಲ್ಲಿ ಮರಳಿನ ಮೇಲೆ ನೆಟ್ಟ ಕಂಬಗಳ ಗುರುತು ಹಿಡಿದು ಅಲ್ಲಿಗೆ ನಡೆದೇ ಹೋಗಬಹುದು, ಕಾರುಗಳೂ ಹೋಗುತ್ತವೆ. ಉಬ್ಬರ ಬಂದಾಗ ಅದೇ ದಾರಿ ಸಮುದ್ರವಾಗುತ್ತದೆ. ಇಳಿತದ ವೇಳೆಯನ್ನು ಮೊದಲೇ ನೋಡಿ, ಅದಕ್ಕಿಂತ ಸ್ವಲ್ಪ ಮುಂಚೆ ಹೊರಟು, ನೀರು ತಿರುಗುವ ಮೊದಲು ವಾಪಸಾಗು. ಇನ್ನೂ ಹೊತ್ತಿದೆ ಎಂದು ಅಂದಾಜಿನ ಮೇಲೆ ಕುಳಿತುಕೊಳ್ಳಬಾರದ ಜಾಗ ಅದು.

ಬೆಟ್ಟ ಹತ್ತಬೇಕೆಂದರೆ ಕಾನೆಮಾರಾ ರಾಷ್ಟ್ರೀಯ ಉದ್ಯಾನದ ಡೈಮಂಡ್ ಹಿಲ್‌ಗೆ ಹೋಗು. ಊರಿನಿಂದ ಸುಮಾರು ಒಂದೂವರೆ ಗಂಟೆಯ ದಾರಿಯಲ್ಲಿರುವ ಲೆಟರ್‌ಫ್ರ್ಯಾಕ್ ಎಂಬ ಹಳ್ಳಿಯಿಂದ ಅದು ಶುರುವಾಗುತ್ತದೆ. ಪ್ರವೇಶಕ್ಕೆ ಹಣವಿಲ್ಲ, ಎತ್ತರ 440 ಮೀಟರಿನಷ್ಟು, ಸುತ್ತುದಾರಿ ಸುಮಾರು 7 ಕಿ.ಮೀ. ಕೆಳಭಾಗದಲ್ಲಿ ಹಾಸಿದ ಮರದ ಹಲಗೆಗಳನ್ನು ಬಿಟ್ಟು ಪಕ್ಕಕ್ಕೆ ಕಾಲಿಡಬೇಡ; ಅದು ಸಾವಿರಾರು ವರ್ಷ ಸಸ್ಯಗಳು ಕೊಳೆಯದೆ ಪದರ ಪದರವಾಗಿ ಕೂಡಿಕೊಂಡ ಜೌಗುನೆಲ, ಜನರ ಕಾಲ್ತುಳಿತಕ್ಕೆ ಸವೆದುಹೋಗುತ್ತಿತ್ತೆಂದೇ ಹಲಗೆ ಹಾಸಿದ್ದಾರೆ. ಜೂನಿನಲ್ಲಿ ಆ ಜೌಗಿನ ತುಂಬ ಹತ್ತಿಯಂಥ ಬಿಳಿಯ ಹೂಕುಚ್ಚುಗಳು ಗಾಳಿಗೆ ತೂಗುತ್ತಿರುತ್ತವೆ. ತುದಿಯಲ್ಲಿ ಗಾಳಿ ಜೋರು; ಕೆಳಗೆ ಬೆವರಿದವನಿಗೆ ಮೇಲೆ ಚಳಿ ಹಿಡಿಯುತ್ತದೆ, ಆದ್ದರಿಂದ ಒಂದು ಉಣ್ಣೆಯ ಬನಿಯನ್ನು ಇರಲಿ. ಅಲ್ಲಿಂದ ಹನ್ನೆರಡು ಬೆನ್‌ಗಳೆಂದು ಕರೆಯುವ ಶಿಖರಗಳ ಸಾಲನ್ನೂ ಅಟ್ಲಾಂಟಿಕ್ಕಿನಲ್ಲಿ ಚದುರಿದ ದ್ವೀಪಗಳನ್ನೂ ಒಟ್ಟಿಗೆ ನೋಡುತ್ತ ನಾನು ಕಟ್ಟಿಕೊಂಡು ಹೋದ ಮೊಸರನ್ನ ತಿಂದ ದಿನಗಳು ನನ್ನ ಬದುಕಿನ ಒಳ್ಳೆಯ ದಿನಗಳು.

ಹುಲ್ಲು, ಜರೀಗಿಡಗಳ ನಡುವೆ ನಡೆದು ಬಂದ ದಿನ ಮೈಯನ್ನು ಚೆನ್ನಾಗಿ ಪರೀಕ್ಷಿಸಿಕೋ. ನೀನು ಶಿವಮೊಗ್ಗ ಜಿಲ್ಲೆಯಲ್ಲಿ ಬೆಳೆದವನು. ಮಂಗನ ಕಾಯಿಲೆಯ ದೆಸೆಯಿಂದ ಉಣುಗು ಎಂದರೆ ಏನೆಂದು ನಿನಗೆ ಬೇರೆ ಯಾರೂ ಹೇಳಬೇಕಾಗಿಲ್ಲ. ಅಲ್ಲಿಯೂ ಉಣುಗುಗಳಿವೆ, ಅವು ಲೈಮ್ ಎಂಬ ಬೇರೆಯೇ ರೋಗವನ್ನು ಹರಡುತ್ತವೆ. ಪ್ಯಾಂಟಿನ ತುದಿಯನ್ನು ಕಾಲುಚೀಲದೊಳಗೆ ಸೇರಿಸಿಕೊಂಡು ನಡೆ. ಮೊಣಕಾಲಿನ ಹಿಂದೆ, ತೊಡೆಸಂದಿಯಲ್ಲಿ ಹುಡುಕು. ಕಚ್ಚಿಕೊಂಡಿದ್ದರೆ ಚಿಮಟದಿಂದ ಚರ್ಮದ ಹತ್ತಿರ ಹಿಡಿದು ನೇರವಾಗಿ ಮೇಲಕ್ಕೆಳೆ, ಸುಡುವ, ಎಣ್ಣೆ ಹಚ್ಚುವ ಉಪಾಯಗಳು ಬೇಡ. ಮುಂದಿನ ವಾರಗಳಲ್ಲಿ ಆ ಜಾಗದ ಸುತ್ತ ಕೆಂಪು ಬಳೆಯಂತೆ ಹರಡಿದರೆ ತಡಮಾಡದೆ ವೈದ್ಯರ ಬಳಿ ಹೋಗು.

ಇನ್ನೊಂದು ಮಾತು. ಕಂಡಕಂಡ ಗುಡ್ಡವನ್ನೆಲ್ಲ ಹತ್ತುವ ಹಕ್ಕು ಅಲ್ಲಿ ಇಲ್ಲ. ಹಸಿರು ಕಂಡದ್ದರಲ್ಲಿ ಬಹುಪಾಲು ಯಾರೋ ಒಬ್ಬ ರೈತನ ಜಮೀನು. ಗುರುತು ಮಾಡಿದ ದಾರಿಯಲ್ಲೇ ಹೋಗು, ಗೇಟು ತೆರೆದಿದ್ದರೆ ತೆರೆದೇ ಬಿಡು, ಮುಚ್ಚಿದ್ದರೆ ಮುಚ್ಚಿ ಮುಂದೆ ನಡೆ, ಕುರಿಗಳು ಮರಿಗಳೊಂದಿಗಿದ್ದರೆ ದೂರದಿಂದ ಸುತ್ತಿ ಹೋಗು.

ಆರಾನ್ ದ್ವೀಪಗಳಿಗೆ ಒಂದು ಪೂರ್ತಿ ದಿನ ಮೀಸಲಿಡು. ರೊಸ್ಸವೀಲ್ ಬಂದರಿನಿಂದ ಹಡಗಿನಲ್ಲಿ ಮುಕ್ಕಾಲು ಗಂಟೆಯೊಳಗೆ ಅವುಗಳಲ್ಲಿ ದೊಡ್ಡದಾದ ಇನಿಶ್ ಮೋರ್ ಸೇರಬಹುದು. ಇಳಿದ ಕೂಡಲೇ ಸೈಕಲ್ ಬಾಡಿಗೆಗೆ ಸಿಗುತ್ತದೆ. ಗಾರೆಯಿಲ್ಲದೆ ಕಲ್ಲಿನ ಮೇಲೆ ಕಲ್ಲಿಟ್ಟು ಕಟ್ಟಿದ ಗೋಡೆಗಳ ನಡುವೆ ಸೈಕಲ್ ತುಳಿಯುವಾಗ, ಬರಿಯ ಬಂಡೆಯ ಮೇಲೆ ಮರಳನ್ನೂ ಕಡಲಪಾಚಿಯನ್ನೂ ಹೊತ್ತು ತಂದು ಹರಡಿ ಮಣ್ಣನ್ನೇ ತಯಾರಿಸಿಕೊಂಡ ಜನರ ನೆಲ ಇದು ಎಂಬುದನ್ನು ನೆನಪಿಡು. ಮನೆಯಲ್ಲಿ ಇಂದಿಗೂ ಐರಿಷ್ ಭಾಷೆ ಆಡುವವರ ಊರು ಅದು. ಎರಡು ಪದ ಕಲಿತು ಹೋಗಿ ನಮಸ್ಕಾರ ಹೇಳಿದರೆ ಅವರ ಮುಖ ಅರಳುತ್ತದೆ, ಕನ್ನಡ ಆಡಿದ ಪರದೇಶಿಯನ್ನು ಕಂಡರೆ ನಮ್ಮ ಮುಖ ಅರಳುವಂತೆಯೇ. ಡೂನ್ ಏಂಗಸ ಕೋಟೆಯ ಅಂಚಿನಲ್ಲಿ ಮಾತ್ರ ಎಚ್ಚರವಿರಲಿ; ನೂರು ಮೀಟರಿನ ಹತ್ತಿರದ ಪ್ರಪಾತ, ತಡೆಗಂಬಿ ಇಲ್ಲ. ಫೋಟೋಗಾಗಿ ಅಂಚಿಗೆ ಹೋಗುವುದಿಲ್ಲ ಎಂದು ನಿನ್ನ ಅಮ್ಮನಿಗೆ ನಾನು ನಿನ್ನ ಪರವಾಗಿ ಈಗಾಗಲೇ ಮಾತು ಕೊಟ್ಟಿದ್ದೇನೆ.

ಜುಲೈನಲ್ಲಿ ಕಲೋತ್ಸವ, ಅದು ಮುಗಿಯುತ್ತಿದ್ದಂತೆ ಕುದುರೆ ಜೂಜು. ಆ ದಿನಗಳಲ್ಲಿ ಊರು ತುಂಬಿ ತುಳುಕುತ್ತದೆ, ಬೀದಿ ಕಲಾವಿದರನ್ನು ನೋಡಿಕೊಂಡು ಬಾ, ಜೂಜಿನ ಗೋಜಿಗೆ ಹೋಗಬೇಡ. ಆಗಸ್ಟ್ ಕೊನೆಗೆ ಬೇಲಿಗಳಲ್ಲಿ ಕಪ್ಪು ಬೆರ್ರಿ ಹಣ್ಣಾಗುತ್ತದೆ. ರಸ್ತೆಯ ಧೂಳಿಗಿಂತ ಮೇಲಿನ ಕೊಂಬೆಗಳಿಂದ ಬಿಡಿಸಿಕೊ.

ಬರುವ ಗುರುವಾರ ಕೆಲಸ ಮುಗಿಸಿ, ಕೋಣೆಗೆ ಹೋಗದೆ ನೇರವಾಗಿ ಸಾಲ್ಟ್‌ಹಿಲ್‌ಗೆ ನಡೆ. ಜೊತೆಗೆ ಆಫೀಸಿನ ಯಾರನ್ನಾದರೂ ಕರೆ, ಕರೆದರೆ ಬರುತ್ತಾರೆ. ದಾರಿಯ ಕೊನೆಯ ಗೋಡೆಯನ್ನು ನೀನು ಒದೆಯುತ್ತೀಯೋ ಮುಟ್ಟುತ್ತೀಯೋ ನಿನಗೆ ಬಿಟ್ಟದ್ದು, ಆದರೆ ನನ್ನ ಪರವಾಗಿ ಒಮ್ಮೆ ಅಂಗೈ ಇಟ್ಟು ಬಾ. ಆ ಹೊತ್ತಿಗೆ ನೀರು ಎಲ್ಲಿಯವರೆಗೆ ಬಂದಿತ್ತು, ಬರೆನ್ ಗುಡ್ಡಗಳು ಕಾಣುತ್ತಿದ್ದವೇ ಎಂದು ಬರೆದು ತಿಳಿಸು.

ಇಂತಿ ನಿನ್ನ ಹಿತ ಬಯಸುವ,
ಸೋದರಮಾವ