ಜಾಂಬಿಯಾದಲ್ಲಿ ನಿಮ್ಮಪ್ಪನ ಬೋರಿಂಗು

ಪ್ರೀತಿಯ ದೋಸ್ತ,

ಮೂರು ವಾರದಿಂದ ನಿನ್ನ ಮೆಸೇಜಿಗೆ ಉತ್ತರ ಕೊಟ್ಟಿಲ್ಲ, ಬೈಯಬೇಡ. ‘ಆಫ್ರಿಕಾ ಹೆಂಗಿತ್ತು, ಸಿಂಹ ಕಂಡಿತಾ’ ಅಂತ ಕೇಳಿದ್ದೆ. ಸಿಂಹ ಕಾಣಲಿಲ್ಲ. ನಿಮ್ಮಪ್ಪ ರಿಪೇರಿ ಮಾಡುತ್ತಿದ್ದರಲ್ಲ, ಆ ಬೋರಿಂಗು ಕಂಡಿತು, ನೀರಿನ ಕೈಪಂಪು. ನಗಬೇಡ, ನಿಜ ಹೇಳುತ್ತಿದ್ದೇನೆ. ಫೋನಿನಲ್ಲಿ ಹೇಳಿದರೆ ನೀನು ನಡುನಡುವೆ ಬಾಯಿ ಹಾಕುತ್ತೀಯ, ಅದಕ್ಕೇ ಕೂತು ಬರೆಯುತ್ತಿದ್ದೇನೆ.

ಮೊದಲು ಹೋಗಿದ್ದು ಹೇಗೆ ಅಂತ ಹೇಳಿಬಿಡುತ್ತೇನೆ. ಇಲ್ಲಿ ಡಲ್ಲಾಸಿನಲ್ಲಿ ನಾನು ಹೋಗುವ ಚರ್ಚಿನಿಂದ ಪ್ರತಿ ಬೇಸಿಗೆಗೆ ಒಂದು ತಂಡ ಹೊರಡುತ್ತದೆ. ಮಿಷನ್ ಟ್ರಿಪ್ ಅಂತಾರೆ. ಈ ಸಲ ಜಾಂಬಿಯಾದ ದಕ್ಷಿಣದಲ್ಲಿರುವ ಚೋಮಾ ಊರಿನ ಹತ್ತಿರ, ಹನ್ನೆರಡು ದಿನ, ಹನ್ನೊಂದು ಜನ. ಇಬ್ಬರು ನರ್ಸು, ಒಬ್ಬ ರಿಟೈರ್ ಆದ ಬಡಗಿ, ನಾಲ್ಕು ಜನ ಕಾಲೇಜು ಮಕ್ಕಳು, ಇನ್ನುಳಿದವರು ನನ್ನ ಹಾಗೆ ಕಂಪ್ಯೂಟರ್ ಮುಂದೆ ಕೂತು ಬೆನ್ನು ನೋವು ಮಾಡಿಕೊಂಡವರು. ತಲೆಗೆ 3,400 ಡಾಲರ್ ಖರ್ಚು. ಅದರಲ್ಲಿ ಅರ್ಧವನ್ನಾದರೂ ಗುರುತಿನವರಿಗೆ ಪತ್ರ ಬರೆದು ಕೇಳಬೇಕು ಅನ್ನೋದು ಇಲ್ಲಿಯ ಪದ್ಧತಿ. ಒಳ್ಳೆ ಸಂಬಳ ತರುವ ಗಂಡಸು ಆಫೀಸಿನಲ್ಲಿ ಕೈ ಚಾಚಿಕೊಂಡು ನಿಂತಿದ್ದೆ ನೋಡು. ಅವ್ವನಿಗೆ ಹೇಳಿದರೆ ‘ರೊಕ್ಕಾ ಕೊಟ್ಟು ದುಡಿಯಾಕ ಹೊಂಟೀಯೇನು?’ ಅಂದಳು.

ದುಬೈನಲ್ಲಿ ವಿಮಾನ ಬದಲಿಸಬೇಕಿತ್ತು. ಅಲ್ಲಿಂದ ಮಂಗಳೂರಿಗೆ ಮೂರೂವರೆ ಗಂಟೆ ಅಷ್ಟೇ. ನಾನು ಬೆನ್ನ ಮೇಲೆ ಬೈಬಲ್ ವಚನ ಬರೆದ ಕೇಸರಿ ಬಣ್ಣದ ಟೀ ಶರ್ಟ್ ಹಾಕಿಕೊಂಡು ಲುಸಾಕಾ ಗೇಟಿನ ಸಾಲಿನಲ್ಲಿ ನಿಂತಿದ್ದೆ. ಊರಿಗೆ ಹೋಗಿ ಎರಡು ವರ್ಷ ಆಯ್ತಲ್ಲ ಅಂತ ಮನಸ್ಸು ಚುರ್ ಅಂದಿತು.

ಲುಸಾಕಾದಿಂದ ಚೋಮಾಕ್ಕೆ ಮುನ್ನೂರು ಕಿಲೋಮೀಟರಿಗೆ ಸ್ವಲ್ಪ ಕಡಿಮೆ ದಾರಿ. ಕಾಫುಯೆ ನದಿ ದಾಟಿ ಮಜಾಬುಕಾ ಬರುತ್ತಲೇ ಎರಡೂ ಕಡೆ ಕಬ್ಬು, ಕಣ್ಣು ಹೋದಷ್ಟು ದೂರ ಕಬ್ಬು, ಮುಧೋಳದ ಕಡೆ ಹೋದ ಹಾಗೆ. ಅದು ದಾಟಿದ ಮೇಲೆ ಮೆಕ್ಕೆಜೋಳದ ಹೊಲ. ಹೊಲ ಅನ್ನೋದೇ ಸುಳ್ಳು, ಮೊಣಕಾಲೆತ್ತರಕ್ಕೆ ಬೆಳೆದು ಒಣಗಿ ನಿಂತ ದಂಟು. ಈ 2024ರಲ್ಲಿ ಅವರಿಗೆ ಮಳೆ ಕೈಕೊಟ್ಟಿದೆ. ಎಲ್ ನಿನೋ ಹೊಡೆತ. ಫೆಬ್ರವರಿ 29ಕ್ಕೆ ಅಧ್ಯಕ್ಷ ಹಿಚಿಲೆಮಾ ಬರಗಾಲವನ್ನು ರಾಷ್ಟ್ರೀಯ ವಿಪತ್ತು ಅಂತ ಘೋಷಿಸಿದರು. ಆ ದೇಶದ ಕರೆಂಟು ನೂರಕ್ಕೆ 80ಕ್ಕಿಂತ ಜಾಸ್ತಿ ನೀರಿನಿಂದಲೇ ಬರುವುದು. ಕರೀಬಾ ಅಣೆಕಟ್ಟು ಬತ್ತಿದರೆ ಮನೆಯ ಬಲ್ಬೂ ಹೋಯಿತು. ನಾವಿದ್ದಾಗ ದಿನದಲ್ಲಿ ಅರ್ಧಕ್ಕಿಂತ ಹೆಚ್ಚು ಹೊತ್ತು ಕರೆಂಟೇ ಇರುತ್ತಿರಲಿಲ್ಲ. ಮೇಲೆ ಜುಲೈ ಚಳಿ ಬೇರೆ. ಆಫ್ರಿಕಾ ಅಂದರೆ ಸೆಖೆ ಅಂತ ಬನಿಯನ್ ತುಂಬಿಕೊಂಡು ಹೋದವನು ನಾನು, ಬೆಳಿಗ್ಗೆ ಹಲ್ಲು ಕಟಕಟ ಅನ್ನುತ್ತಿತ್ತು.

ಈ ಕರೀಬಾದ್ದೊಂದು ಕಥೆ ಇದೆ. 1950ರ ದಶಕದ ಕೊನೆಗೆ ಅದನ್ನು ಕಟ್ಟಿದಾಗ ಜಾಂಬೆಜಿ ಕಣಿವೆಯ ಸುಮಾರು 57,000 ಟೋಂಗಾ ಜನರನ್ನು ಎಬ್ಬಿಸಿದರು. ನಾವಿದ್ದ ಊರಿನ ಒಬ್ಬ ಅಜ್ಜ ಅಲ್ಲಿ ಹುಟ್ಟಿದವರು. ಅವರಪ್ಪನ ಗೋರಿ ನೀರಿನಡಿ ಇದೆಯಂತೆ. ಬಾಗಲಕೋಟೆ ನಿನ್ನ ಸೋದರಮಾವ ‘ಮುಳುಗಡೆ’ ಅನ್ನುವಾಗ ಮುಖ ಹೇಗೆ ಆಗುತ್ತದೋ ಹಾಗೇ ಆಯ್ತು ಅಜ್ಜನ ಮುಖ. ನಾನು ಆಲಮಟ್ಟಿ ಕಥೆ ಹೇಳಿದೆ. ಅವರು ಕೇಳಿದ್ದು ಒಂದೇ: ‘ನಿಮ್ಮಲ್ಲಿ ಎಬ್ಬಿಸಿದವರಿಗೆ ಕರೆಂಟು ಕೊಟ್ಟರಾ?’

ಈಗ ನನ್ನ ಗುರುತಿನ ವಿಷಯ. ನಮ್ಮ ತಂಡದ ಉಳಿದ ಹತ್ತು ಜನರನ್ನು ಕಂಡರೆ ಮಕ್ಕಳು ‘ಮುಜುಂಗು, ಮುಜುಂಗು’ ಅಂತ ಓಡಿ ಬರುತ್ತಿದ್ದರು. ಬಿಳಿಯರು ಅಂತ. ನನ್ನನ್ನು ನೋಡಿ ನಿಂತುಬಿಡುತ್ತಿದ್ದರು. ನಾನು ‘ಮ್ವೆನ್ಯೆ’. ಭಾರತದವರಿಗೆ ಅಲ್ಲಿ ಹಾಗೆ ಅನ್ನುತ್ತಾರೆ, ಜನರ ಬಾಯಲ್ಲಿ ಅದರ ಅರ್ಥ ಅಂಗಡಿಯವನು. ಮೂರ್ನಾಲ್ಕು ತಲೆಮಾರಿನಿಂದ ಗುಜರಾತಿಗಳು ಅಲ್ಲಿ ವ್ಯಾಪಾರ ಮಾಡಿಕೊಂಡಿದ್ದಾರೆ. ಸಂತೆಯಲ್ಲಿ ಒಬ್ಬ ಹೆಂಗಸು ನನ್ನನ್ನು ತಡೆದು, ಹೋದ ವಾರ ಕೊಂಡ ಪ್ಲಾಸ್ಟಿಕ್ ಬಕೆಟ್ಟಿನ ಹಿಡಿಕೆ ಮುರಿದಿದೆ, ಬದಲಿಸಿಕೊಡು ಅಂತ ಜಗಳಕ್ಕೇ ನಿಂತರು. ದೇವರ ಕೆಲಸಕ್ಕೆ ಬಂದಿದ್ದೇನೆ ಅಂದರೆ ಹೊಟ್ಟೆ ಹಿಡಿದು ನಕ್ಕರು. ಮ್ವೆನ್ಯೆ ಮಿಷನರಿ! ಅವರು ಕಂಡಿರಲೇ ಇಲ್ಲ.

ನಕ್ಕಿದ್ದರಲ್ಲಿ ತಪ್ಪಿಲ್ಲ ಬಿಡು. ಜಾಂಬಿಯಾ 1991ರಲ್ಲೇ ತನ್ನನ್ನು ಕ್ರೈಸ್ತ ದೇಶ ಅಂತ ಕರೆದುಕೊಂಡ ದೇಶ. ಭಾನುವಾರದ ಆರಾಧನೆ ಮೂರು ಗಂಟೆ ನಡೆಯಿತು, ವಾದ್ಯ ಗೀದ್ಯ ಏನೂ ಇಲ್ಲದೆ ನಾಲ್ಕು ದನಿಯಲ್ಲಿ ಹಾಡಿದರು ನೋಡು, ಮೈ ಜುಮ್ ಅಂದಿತು, ನಮ್ಮ ಬೆಟಗೇರಿ ಚರ್ಚಿನ ಕ್ರಿಸ್ಮಸ್ ಕ್ವಾಯರನ್ನು ಎಷ್ಟು ಹೊಗಳಿದ್ದೆವೋ ಅದನ್ನೆಲ್ಲ ವಾಪಸ್ ತಗೋಬೇಕು ಅನಿಸಿತು. ಎರಡನೇ ಗಂಟೆಗೇ ನಮ್ಮ ಹನ್ನೊಂದು ಜನ ಬೆಂಚಿನ ಮೇಲೆ ಹೊರಳಾಡುತ್ತಿದ್ದೆವು. ಇವರಿಗೆ ಸುವಾರ್ತೆ ಹೇಳೋಕೆ ನಾವು ಬಂದದ್ದು!

ನಾವು ಮಾಡಿದ ಕೆಲಸ ಕೇಳು. ಶಾಲೆಯ ಗೋಡೆಗೆ ಬಣ್ಣ ಬಳಿದೆವು. ಕೆರೆದಾಗ ಕೆಳಗೆ ಹಳೇ ಬಣ್ಣ ಇತ್ತು, ಇನ್ನೂ ಗಟ್ಟಿಯಾಗೇ ಇತ್ತು. ಹಿಂದಿನ ಯಾವುದೋ ತಂಡ ಬಳಿದದ್ದು. ಆಮೇಲೆ ಮಕ್ಕಳಿಗೆ ಬೈಬಲ್ ಕಥೆ, ಹಾಡು, ಆಟ. ಅಮೆರಿಕದಲ್ಲಿ ಜುಲೈ ರಜೆ, ಅಲ್ಲಿ ಶಾಲೆ ನಡೆಯುತ್ತಿರುತ್ತದೆ. ಇದನ್ನು ನಮ್ಮಲ್ಲಿ ಯಾರೂ ಯೋಚಿಸಿಯೇ ಇರಲಿಲ್ಲ, ನಾನೂ ಸೇರಿ. ಹೆಡ್ ಮಾಸ್ತರರು ಅತಿಥಿಗಳಿಗೆ ಇಲ್ಲ ಅನ್ನಲಾರದೆ ಐದು ದಿನ ಮಧ್ಯಾಹ್ನದ ಪಾಠ ನಿಲ್ಲಿಸಿದರು. ಏಳನೇ ಕ್ಲಾಸಿನ ಒಬ್ಬ ಹುಡುಗಿ ಮಾತ್ರ ನಮ್ಮ ಆಟಕ್ಕೆ ಬರದೆ ಕಿಟಕಿ ಪಕ್ಕ ಕೂತು ಲೆಕ್ಕ ಬಿಡಿಸುತ್ತಿದ್ದಳು. ಅವಳಿಗೆ ವರ್ಷದ ಕೊನೆಗೆ ಬೋರ್ಡ್ ಪರೀಕ್ಷೆ. ಅವಳನ್ನೂ ಕರೆಯಿರಿ ಅಂತ ನಮ್ಮವರೊಬ್ಬರು ಅಂದಾಗ ನನಗೆ ನಾಚಿಕೆ ಆಯ್ತು.

ಊಟದ್ದು ಇನ್ನೊಂದು ಸಂಕಟ. ಬರಗಾಲದ ವರ್ಷ, ಆದರೂ ದಿನಾ ನಮಗೆ ಕೋಳಿ. ನರ್ಸಮ್ಮ ಒಬ್ಬರು ‘ಬೇಡ’ ಅಂತ ಮೆತ್ತಗೆ ಹೇಳಿ ನೋಡಿದರು, ಅಡುಗೆ ಮಾಡುವ ಅಕ್ಕಂದಿರ ಮುಖ ಬಾಡಿತು, ಸುಮ್ನೆ ತಿಂದೆವು. ಆದರೆ ಕೋಳಿಗಿಂತ ನನಗೆ ಹಿಡಿಸಿದ್ದು ನ್ಶಿಮಾ. ಬಿಳಿ ಮೆಕ್ಕೆಜೋಳದ ಹಿಟ್ಟಿನ ಮುದ್ದೆ. ಅದಕ್ಕೆ ಮಬಿಸಿ ಅಂತ ಹುಳಿ ಹಾಲು, ನಮ್ಮ ಮೊಸರಿನ ಅಕ್ಕ. ಟೋಂಗಾ ಜನ ದನ ಸಾಕುವವರು. ಬಿಸಿ ಮುದ್ದೆ ಮೇಲೆ ತಣ್ಣನೆ ಮಬಿಸಿ ಹಾಕಿಕೊಂಡು ಕೈಯಲ್ಲಿ ಕಲಸಿದೆ. ಜೋಳದ ನುಚ್ಚು ಮಜ್ಜಿಗೆ ಬಿಟ್ಟರೆ ಬೇರೇನೂ ನೆನಪಾಗಲಿಲ್ಲ. ಅವ್ವ ಕಳಿಸಿದ್ದ ಶೇಂಗಾ ಚಟ್ನಿಪುಡಿ ಬ್ಯಾಗಿನಲ್ಲಿತ್ತು. ಅಡುಗೆ ಅಕ್ಕಂದಿರಿಗೆ ಕೊಟ್ಟೆ. ಅವರೂ ಸೊಪ್ಪಿಗೆ ಶೇಂಗಾ ಪುಡಿ ಹಾಕುತ್ತಾರೆ, ಆದರೆ ಇಷ್ಟು ಬೆಳ್ಳುಳ್ಳಿ ಖಾರ ಹಾಕೋರು ಯಾರಪ್ಪ ಅಂತ ಕಣ್ಣಲ್ಲಿ ನೀರು ತಂದುಕೊಂಡು ನಕ್ಕರು. ಡಬ್ಬಿ ಮಾತ್ರ ವಾಪಸ್ ಬರಲಿಲ್ಲ.

ಸರಿ, ಈಗ ಬೋರಿಂಗು.

ಆರನೇ ದಿನ. ಶಾಲೆಯ ಹಿಂದೆ ಹೆಂಗಸರು ಸಾಲು ನಿಂತಿದ್ದರು, ನಾನು ಬಣ್ಣದ ಬ್ರಷ್ ತೊಳೆಯೋಕೆ ಆ ಕಡೆ ಹೋದೆ. ದೂರದಿಂದಲೇ ಶಬ್ದ ಕೇಳಿತು. ಕಿರ್ರ್, ಧಡ್. ಕಿರ್ರ್, ಧಡ್. ನಿನ್ನಾಣೆ, ಕಣ್ಣು ಮುಚ್ಚಿದ್ದರೆ ನಿಮ್ಮ ಅಂಗಡಿ ಎದುರಿನ ಬೋರಿಂಗೇ. ಅದೇ ಚೌಕ ತಲೆ, ಅದೇ ಉದ್ದ ಹಿಡಿಕೆ, ಒಳಗೆ ಅದೇ ಚೈನು. ಇಂಡಿಯಾ ಮಾರ್ಕ್ 2. ಹೆಸರೇ ಅದು, ಅಲ್ಲಿಯೂ ಹಾಗೇ ಕರೆಯುತ್ತಾರೆ! ನಿಮ್ಮಪ್ಪ ಹೇಳುತ್ತಿದ್ದರಲ್ಲ, ನಮ್ಮೂರಿಂದ ರೈಲು ಹೋಗುತ್ತಲ್ಲ ಸೊಲ್ಲಾಪುರ, ಅಲ್ಲಿಯ ಪಂಪು ನೋಡಿಯೇ ಇದನ್ನು ಮಾಡಿದ್ದು ಅಂತ. 1970ರ ದಶಕದಲ್ಲಿ ಯುನಿಸೆಫ್ ನೆರವಿನಿಂದ ತಯಾರಾಗಿ, ನಮ್ಮ ಬರದ ಊರುಗಳನ್ನೆಲ್ಲ ಸುತ್ತಿ, ಆಮೇಲೆ ಆಫ್ರಿಕಾಕ್ಕೆ ಹೋಗಿದೆ. ಜಾಂಬಿಯಾದ ಹಳ್ಳಿಗಳಲ್ಲಿ ಜಾಸ್ತಿ ಇರುವುದೇ ಇದು.

ಪಂಪು ಕೆಟ್ಟಿತ್ತು. ಪೂರ್ತಿ ಅಲ್ಲ. ಐವತ್ತು ಸಲ ಹೊಡೆದರೆ ನೀರು, ಕೈ ಬಿಟ್ಟರೆ ಮತ್ತೆ ಕೆಳಗೆ. ಕಾಕಾ ಆಗಿದ್ದರೆ ಬೀಡಿ ಹಚ್ಚುವಷ್ಟರಲ್ಲಿ ಹೇಳಿಬಿಡುತ್ತಿದ್ದರು. ಅಲ್ಲಿಗೆ ಬಂದವರು ಒಬ್ಬ ಹೆಂಗಸು, ಐವತ್ತರ ಮೇಲೆ ವಯಸ್ಸು, ಸೊಂಟಕ್ಕೆ ಚಿತೆಂಗೆ ಬಟ್ಟೆ ಸುತ್ತಿಕೊಂಡು, ಸೈಕಲ್ಲಿನ ಕ್ಯಾರಿಯರಿಗೆ ಪಾನಾ, ಕ್ಲಾಂಪು ಎಲ್ಲ ಕಟ್ಟಿಕೊಂಡು. ಸುತ್ತಲಿನ ಹಳ್ಳಿಗಳ ಪಂಪು ರಿಪೇರಿ ಅವರದೇ. ಸರ್ಕಾರದ ನೌಕರಿ ಅಲ್ಲ, ತರಬೇತಿ ಕೊಟ್ಟಿದ್ದಾರೆ, ಕೆಲಸಕ್ಕೆ ಇಷ್ಟು ಅಂತ ಊರಿನವರೇ ಕೊಡುತ್ತಾರೆ. ಹಿಡಿಕೆ ಎರಡು ಸಲ ಒತ್ತಿ, ಕಿವಿ ಕೊಟ್ಟು ಕೇಳಿದರು. ಆಮೇಲೆ ನನ್ನ ಕಡೆ ನೋಡಿ ಇಂಗ್ಲಿಷಿನಲ್ಲಿ, ‘ಮ್ವೆನ್ಯೆ, ಇದು ನಿಮ್ಮ ದೇಶದ್ದು. ಬಾ, ಹಿಡಿ’ ಅಂದರು.

ಮೂರು ಮೀಟರಿನ ಕಬ್ಬಿಣದ ಪೈಪು, ಹದಿಮೂರು. ಒಂದೊಂದಾಗಿ ಎತ್ತಬೇಕು, ಕ್ಲಾಂಪ್ ಕಚ್ಚಿಸಬೇಕು, ಬಿಚ್ಚಬೇಕು, ಒಳಗಿನ ರಾಡು ಎಳೆಯಬೇಕು. ಚಿಕ್ಕವರಿದ್ದಾಗ ನಾವು ಕಾಕಾನ ಜೊತೆ ಹೋಗುತ್ತಿದ್ದೆವಲ್ಲ, ನಿನ್ನ ಕೆಲಸ ಪಾನಾ ಕೊಡೋದು, ನನ್ನ ಕೆಲಸ ಬಿಚ್ಚಿದ ನಟ್ಟು ಕಳೆಯದ ಹಾಗೆ ಟೊಪ್ಪಿಗೆಯಲ್ಲಿ ಹಾಕಿಕೊಂಡು ಕೂರೋದು. ಮೂವತ್ತು ವರ್ಷದ ಮೇಲೆ ಅದೇ ಕೆಲಸ ಮಾಡಿದೆ. ಏಳನೇ ಪೈಪಿನಲ್ಲಿ ತುಕ್ಕು ತಿಂದು ಸಣ್ಣ ತೂತು. ಅಲ್ಲಿಯ ನೀರಿಗೆ ಕಬ್ಬಿಣ ಬೇಗ ಸವೆಯುತ್ತದಂತೆ, ನೀರೂ ಕೆಂಪಗೆ, ಒಗೆದ ಬಟ್ಟೆಗೆ ಕಲೆ. ಕೆಳಗಿನ ಸಿಲಿಂಡರಿನ ವಾಷರುಗಳೂ ಸವೆದು ಕಾಗದದ ಹಾಗಾಗಿದ್ದವು.

ನಮ್ಮ ತಂಡದ ನಾಯಕರು ಒಳ್ಳೆಯವರು. ಕೂಡಲೇ ಪರ್ಸ್ ತೆಗೆದು ಹದಿಮೂರೂ ಹೊಸ ಪೈಪು ನಾವೇ ಕೊಡಿಸುತ್ತೇವೆ ಅಂದರು. ನೀರಿನ ಸಮಿತಿಯ ಹೆಂಗಸರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಅದರಲ್ಲೊಬ್ಬರು ಶಾಲೆಯ ನೋಟ್‌ಬುಕ್ಕೊಂದು ತಂದು ತೋರಿಸಿದರು. ಮನೆಗಳ ಹೆಸರು, ತಿಂಗಳುಗಳು, ಕೊಟ್ಟವರಿಗೆ ಟಿಕ್ಕು. ಬರ ಬಂದ ಮೇಲೂ ಟಿಕ್ಕು ಇತ್ತು, ಕೆಲವರು ಅಲ್ಲಿಯ ದುಡ್ಡು ಕ್ವಾಚಾ ಬದಲು ಕೋಳಿ ಕೊಟ್ಟದ್ದನ್ನೂ ಬರೆದಿದ್ದರು. ‘ಈಗ ನೀವು ಕೊಟ್ಟರೆ ಮುಂದಿನ ತಿಂಗಳು ಯಾರೂ ಕೊಡೋದಿಲ್ಲ. ಮುಂದಿನ ಸಲ ಕೆಟ್ಟಾಗ ನೀವು ಇಲ್ಲಿ ಇರೋದಿಲ್ಲ’ ಅಂದರು. ಸಿಟ್ಟಿನಿಂದ ಅಲ್ಲ, ಲೆಕ್ಕ ಹೇಳಿದ ಹಾಗೆ. ಕೊನೆಗೆ ಒಂದೇ ಪೈಪು, ಒಂದು ಸೆಟ್ ವಾಷರ್, ಅವರದೇ ದುಡ್ಡಿನಲ್ಲಿ. ತರೋಕೆ ಚೋಮಾಕ್ಕೆ ನಮ್ಮ ವ್ಯಾನಿನಲ್ಲಿ ಹೋದೆವು, ಅಷ್ಟು ಮಾತ್ರ ಒಪ್ಪಿದರು. ಅಂಗಡಿ ಯಾರದು ಹೇಳು? ಮ್ವೆನ್ಯೆಯದು! ಮುದುಕರು ನನ್ನನ್ನು ಕಂಡು ಗುಜರಾತಿಯಲ್ಲಿ ಶುರು ಮಾಡಿದರು, ನನಗೆ ಬರಲ್ಲ ಅಂದ ಮೇಲೆ ಹಿಂದಿ, ಅದೂ ನನ್ನದು ಗದಗಿನ ಹಿಂದಿ, ಅಷ್ಟರಲ್ಲಿ ಆ ರಿಪೇರಿ ಅಕ್ಕ ಅವರ ಜೊತೆ ಟೋಂಗಾದಲ್ಲಿ ಚೌಕಾಶಿ ಮುಗಿಸಿಯೇ ಬಿಟ್ಟಿದ್ದರು.

ಸಂಜೆ ನೀರು ಬಂತು. ಎಂಟನೇ ಹೊಡೆತಕ್ಕೆ. ನನ್ನ ಅಂಗೈ ಸುಲಿದಿತ್ತು.

ಆ ರಾತ್ರಿ ಕರೆಂಟಿಲ್ಲದೆ ಮಲಗಿ ಊರಿನದ್ದೇ ಯೋಚನೆ. 1834ರಲ್ಲಿ ಮಂಗಳೂರಿಗೆ ಬಂದ ಬಾಸೆಲ್ ಮಿಷನ್ನಿನವರು ಧಾರವಾಡ, ಹುಬ್ಬಳ್ಳಿ ದಾಟಿ ನಮ್ಮ ಬೆಟಗೇರಿಗೆ ಬಂದಿದ್ದು 1841ರಲ್ಲಿ. ಅವರು ಬರದಿದ್ದರೆ ನಮ್ಮ ಮುತ್ತಜ್ಜ ಚರ್ಚಿಗೆ ಹೋಗುತ್ತಿರಲಿಲ್ಲ, ನೀನು ಮಿಷನ್ ದವಾಖಾನೆಯಲ್ಲಿ ಹುಟ್ಟುತ್ತಿರಲಿಲ್ಲ. ಅವರೇನು ದೇವತೆಗಳಲ್ಲ, ನಮ್ಮವರನ್ನು ಕೀಳಾಗಿ ಕಂಡವರೂ ಅದರಲ್ಲಿದ್ದರು. ಆದರೆ ಕಿಟ್ಟೆಲ್ 1853ರಲ್ಲಿ ಬಂದವರು, ನಿಘಂಟು ಹೊರಬಂದದ್ದು 1894ರಲ್ಲಿ. ನಲವತ್ತೊಂದು ವರ್ಷ. ಚೋಮಾ ಕಡೆಯ ಮಾಚಾದಲ್ಲೂ ಹಾಗೇ, 1906ರಲ್ಲಿ ಇಬ್ಬರು ಹೆಂಗಸರು ಬಂದು ಮಿಷನ್ ಶುರು ಮಾಡಿದ್ದು. ಈಗ ಅಲ್ಲಿ ದೊಡ್ಡ ಆಸ್ಪತ್ರೆ, ಮಲೇರಿಯಾ ಸಂಶೋಧನೆಯೂ ನಡೆಯುತ್ತದೆ. ನಾನು ಹನ್ನೆರಡು ದಿನದಲ್ಲಿ ಟೋಂಗಾ ಕಲಿತದ್ದು ಎರಡು ಮಾತು: ಬೆಳಿಗ್ಗೆ ‘ಮ್ವಬುಕ ಬುಟಿ’, ಆಮೇಲೆ ‘ಟ್ವಲುಂಬಾ’. ಚೆನ್ನಾಗಿ ಎದ್ದಿರಾ, ಧನ್ಯವಾದ. ಅಷ್ಟರಲ್ಲೇ ಬ್ಯಾಗ್ ಕಟ್ಟುವ ಹೊತ್ತು.

ಕೊನೆಯ ದಿನ ವಿಕ್ಟೋರಿಯಾ ಫಾಲ್ಸ್. ಬರಕ್ಕೆ ನೀರು ಕಡಿಮೆ, ಆದರೂ ನಮ್ಮ ಗೋಕಾಕ್ ಅದರ ಮುಂದೆ ಮನೆಯ ನಲ್ಲಿ. ಅಲ್ಲಿಯ, ಆಫ್ರಿಕಾ ಸುತ್ತಿದ ಮಿಷನರಿ ಲಿವಿಂಗ್‌ಸ್ಟನ್ ಪ್ರತಿಮೆ ಮುಂದೆ ಎಲ್ಲರೂ ಫೋಟೋ ತೆಗೆಸಿಕೊಂಡರು. ನಾನು ಕಾಲೇಜು ಹುಡುಗರಿಗೆ ಜೇಕಬ್ ವೇನ್‌ರೈಟ್ ಕಥೆ ಹೇಳಿದೆ. ಗುಲಾಮಗಿರಿಯಿಂದ ಬಿಡಿಸಿ ನಮ್ಮ ನಾಸಿಕದ ಮಿಷನ್ ಶಾಲೆಯಲ್ಲಿ ಓದಿಸಿದ ಆಫ್ರಿಕಾದ ಹುಡುಗ. 1873ರಲ್ಲಿ ಲಿವಿಂಗ್‌ಸ್ಟನ್ ಸತ್ತಾಗ ಹೃದಯವನ್ನು ಮರದ ಕೆಳಗೆ ಹೂತರು, ಪ್ರಾರ್ಥನೆ ಓದಿದವನು ಇವನೇ. ಆಮೇಲೆ ಲಿವಿಂಗ್‌ಸ್ಟನ್ನರ ಆಫ್ರಿಕಾದ ಸೇವಕರಾದ ಚುಮಾ, ಸುಸಿ ಅವರ ಜೊತೆ ಹೆಣ ಹೊತ್ತು ತಿಂಗಳುಗಟ್ಟಲೆ ನಡೆದು ಸಮುದ್ರದ ದಂಡೆಗೆ ತಲುಪಿಸಿದರು. ಪ್ರತಿಮೆ ಮಾತ್ರ ಒಬ್ಬರದೇ. ಹುಡುಗರು ಕೇಳಿಸಿಕೊಂಡರು, ಆಮೇಲೆ ಬಂಗೀ ಜಂಪ್ ಎಷ್ಟು ಡಾಲರ್ ಅಂತ ವಿಚಾರಿಸೋಕೆ ಹೋದರು.

ಬರುವ ಭಾನುವಾರ ಚರ್ಚಿನಲ್ಲಿ ನಾವು ಹೋಗಿಬಂದ ವರದಿ ಕೊಡಬೇಕು, ಫೋಟೋ ತೋರಿಸಬೇಕು, ಮುಂದಿನ ವರ್ಷಕ್ಕೆ ಹೆಸರು ಕೊಡೋರು ಯಾರು ಅಂತ ಕೇಳಬೇಕು. ಬಣ್ಣದ ಗೋಡೆಯ ಫೋಟೋ ನಾನು ತೋರಿಸೋದಿಲ್ಲ ಅಂತ ಹೇಳಿಬಿಟ್ಟಿದ್ದೇನೆ. ಹೋಗುವುದಾದರೆ ಶಾಲೆ ರಜೆ ಇರುವಾಗ ಹೋಗೋಣ, ಅವರನ್ನು ಕೇಳಿ ಹೋಗೋಣ ಅಂದೆ. ನಾಯಕರು ಬರೆದುಕೊಂಡರು, ಏನು ಮಾಡುತ್ತಾರೋ ನೋಡೋಣ.

ಪತ್ರ ಬರೆದ ನಿಜವಾದ ಕಾರಣ ಈಗ ಬಂತು. ಹೊರಡುವ ಮುಂಚೆ ಆ ರಿಪೇರಿ ಅಕ್ಕ ನನ್ನನ್ನು ಹುಡುಕಿಕೊಂಡು ಬಂದರು. ಇಂಡಿಯಾದಲ್ಲಿ ಈಗ ಮಾರ್ಕ್ 2ಕ್ಕೆ ಚರ್ಮದ ವಾಷರ್ ಹಾಕುತ್ತಾರಾ, ರಬ್ಬರಿನದಾ, ಯಾವುದು ಎಷ್ಟು ದಿನ ಬಾಳುತ್ತದೆ, ಪೈಪು ತುಕ್ಕು ಹಿಡಿಯದ ಹಾಗೆ ನಿಮ್ಮವರು ಏನು ಮಾಡುತ್ತಾರೆ ಅಂತ ಕೇಳಿದರು. ನನಗೆ ಗೊತ್ತಿಲ್ಲ, ನನ್ನ ದೋಸ್ತನಿಗೆ ಗೊತ್ತು ಅಂದೆ. ಅವರ ವಾಟ್ಸಾಪ್ ನಂಬರ್ ನನ್ನ ಹತ್ತಿರ ಇದೆ. ಕಾಕಾನ ಹತ್ತಿರ ಕೂತು ಸರಿಯಾಗಿ ಕೇಳಿ ಬರೆ, ಅಂದಾಜಿಗೆ ಏನೋ ಹೇಳಬೇಡ. ಅವರಿಗೆ ಇನ್ನೂ ಹತ್ತೊಂಬತ್ತು ಪಂಪು ಇವೆ.

ನಿನ್ನ
ದೋಸ್ತ