ರಾಯಚೂರಿನ ಅಕ್ಕನಿಗೆ, ಮತ್ತು ಉಳಿದ ಎಲ್ಲರಿಗೂ

ಎಲ್ಲರಿಗೂ ನಮಸ್ಕಾರ.

ಮೊನ್ನೆ ತಿಂಗಳ ಕೊನೆಯ ದಿನ ಬಳ್ಳಾರಿ ವಿವಿಯಿಂದ ನನಗೆ ವಯೋನಿವೃತ್ತಿ ಆಯಿತು. ಬಾಗಿಲ ಮೇಲಿನ ಬೋರ್ಡಿನಲ್ಲಿ ಸಹಾಯಕ ಕುಲಸಚಿವರು ಅಂತಿತ್ತು. ಕಾಲೇಜಿನವರಿಗೆ ಮಾತ್ರ ನಾನು ಕೊನೆಯವರೆಗೂ 'ಪರೀಕ್ಷಾ ವಿಭಾಗದ ಮೇಡಂ'. ಹಾರ, ಶಾಲು, ಹಣ್ಣಿನ ಬುಟ್ಟಿ ಎಲ್ಲ ಆಯಿತು. ಮಾತಾಡಿ ಅಂದಾಗ ನಾಲ್ಕು ಮಾತು ಹೇಳಿ ಕೂತುಬಿಟ್ಟೆ. ಮೈಕ್ ಮುಂದೆ ನನಗೆ ಮಾತು ಬರುವುದಿಲ್ಲ. ಕಡತದಲ್ಲಿ ಟಿಪ್ಪಣಿ ಬರೆ ಅಂದರೆ ಬರೆದೇನು. ಹಾಗಾಗಿ ಅಲ್ಲಿ ಹೇಳಬೇಕಿದ್ದುದನ್ನು ಇಲ್ಲಿ ಬರೆಯುತ್ತಿದ್ದೇನೆ. ಸ್ವಲ್ಪ ಉದ್ದ ಆಗುತ್ತೆ.

ಹೋದ ವರ್ಷ ನಮ್ಮ ಮನೆಯಲ್ಲಿ ಏನಾಯಿತು ಅಂತ ನಿಮಗೆಲ್ಲ ಗೊತ್ತು. ಅದನ್ನು ಮತ್ತೆ ಬರೆಯುವುದಿಲ್ಲ. ನಮ್ಮ ಮನೆಯವರು ಈಗ ಚೆನ್ನಾಗಿದ್ದಾರೆ. ಬೆಳಿಗ್ಗೆ ನಿಧಾನವಾಗಿ ಗೇಟಿನವರೆಗೆ ನಡೆದು ತಾವೇ ಪೇಪರ್ ತರುತ್ತಾರೆ. ಅಷ್ಟು ಸಾಕು.

ಮೊದಲು ನಮ್ಮ ಬಳಗದ ಬಗ್ಗೆ ಒಂದಿಷ್ಟು. ವಿಶ್ವವಿದ್ಯಾಲಯ ಅಂದರೆ ಜನರಿಗೆ ಕುಲಪತಿ ಗೊತ್ತು, ಪ್ರೊಫೆಸರ್ ಗೊತ್ತು, ಘಟಿಕೋತ್ಸವದ ಗೌನು ಗೊತ್ತು. ಆ ಪದವಿ ಪತ್ರದ ಹಿಂದೆ ಕೂತವರು ಯಾರೂ ಗೊತ್ತಿಲ್ಲ. ಗೊತ್ತಾಗುವುದು ಅಂಕಪಟ್ಟಿಯಲ್ಲಿ ಅಪ್ಪನ ಹೆಸರು ತಪ್ಪಾದಾಗ ಮಾತ್ರ.

ನಮ್ಮ ಭಾಗದ ವಿವಿಗಳೆಲ್ಲ ಕೂಡು ಕುಟುಂಬದಿಂದ ಪಾಲಾದ ಮನೆಗಳ ಹಾಗೆ. ಧಾರವಾಡದಿಂದ ಬೇರೆಯಾಗಿ 1980ರಲ್ಲಿ ಕಲಬುರಗಿಯಲ್ಲಿ ಗುಲಬರ್ಗಾ ವಿವಿ ಆಯಿತು. ಅದರಿಂದ 2010ರಲ್ಲಿ ಬಳ್ಳಾರಿ ಬೇರೆಯಾಯಿತು, ಕೊಪ್ಪಳ ಜಿಲ್ಲೆ ನಮ್ಮ ಜೊತೆಗೇ ಬಂತು. ಆಮೇಲೆ ರಾಯಚೂರಿಗೆ ತನ್ನದೇ ವಿವಿ ಬಂತು, ಕೊಪ್ಪಳಕ್ಕೂ ಬಂತು. ಮನೆಗಳು ಪಾಲಾದವು, ದಾಖಲೆಗಳು ಪಾಲಾಗಲಿಲ್ಲ. 2006ರಲ್ಲಿ ಹೊಸಪೇಟೆಯಲ್ಲಿ ಬಿ.ಕಾಂ. ಮುಗಿಸಿದವನ ಪದವಿ ನಿಜವೋ ಅಲ್ಲವೋ ಅಂತ ಯಾವುದೋ ಕಂಪನಿ ನಮಗೆ ಪತ್ರ ಬರೆಯುತ್ತೆ. ಅವನ ಅಂಕಗಳ ಲೆಡ್ಜರ್ ಇರುವುದು ಕಲಬುರಗಿಯಲ್ಲಿ. ಯಲಬುರ್ಗಾದ ಹುಡುಗಿ ಹತ್ತಿರ ಆಗುತ್ತೆ ಅಂತ ಕೊಪ್ಪಳಕ್ಕೆ ಹೋಗಿ ಕೇಳುತ್ತಾಳೆ. ಅವಳು ಓದಿದ ವರ್ಷದ್ದು ಬಳ್ಳಾರಿಯಲ್ಲಿರುತ್ತೆ. ನಿಯಮದ ಪ್ರಕಾರ ಪತ್ರ ಹೋಗಬೇಕು, ಪತ್ರ ಬರಬೇಕು, ಬಂದ ಪತ್ರಗಳ ಆವಕ ಪುಸ್ತಕದಲ್ಲಿ ನಂಬರ್ ಬೀಳಬೇಕು. ಅಷ್ಟರಲ್ಲಿ ಆ ಕೆಲಸ ಇನ್ನೊಬ್ಬರಿಗೆ ಹೋಗಿರುತ್ತೆ. ಅದಕ್ಕೇ ನಾವು ಮೊದಲು ಫೋನ್ ಮಾಡುತ್ತೇವೆ, 'ಅಣ್ಣಾ, ಒಂದು ಲೆಡ್ಜರ್ ತೆಗೆದಿಡ್ರಿ, ಪತ್ರ ಹಿಂದೆ ಬರ್ತದ' ಅಂತ. ಪತ್ರ ಆಮೇಲೆ ಹೋಗಿಯೇ ಹೋಗುತ್ತೆ. ಈ ಫೋನಿನಿಂದಲೇ ನಾವೆಲ್ಲ ಪರಿಚಯ ಆದದ್ದು. ಎಷ್ಟೋ ಜನರ ಮುಖವನ್ನು ನಾನು ಇವತ್ತಿಗೂ ನೋಡಿಲ್ಲ.

ರಾಯಚೂರಿನ ಅಕ್ಕ ಹಾಗೆ ಸಿಕ್ಕವರು. ಹೆಸರು ಬರೆಯುವುದಿಲ್ಲ, ಬರೆದರೆ ಬೈಯುತ್ತಾರೆ. ಅವರು ಅಧೀಕ್ಷಕರು. ಅಲ್ಲಿ ಇನ್ನೂ ಸ್ನಾತಕೋತ್ತರ ಕೇಂದ್ರ ಇದ್ದಾಗಿನಿಂದ ಪರೀಕ್ಷೆಯ ಕೆಲಸದಲ್ಲೇ ಇದ್ದಾರೆ. 2021ರಲ್ಲಿ ಪ್ರವೇಶ, ಪರೀಕ್ಷೆ, ಫಲಿತಾಂಶ ಎಲ್ಲವನ್ನೂ ಸರ್ಕಾರದ ಆನ್‌ಲೈನ್ ವ್ಯವಸ್ಥೆಯಾದ ಯುಯುಸಿಎಂಎಸ್‌ಗೆ ತಂದರಲ್ಲ, ಆಗ ಬೆಂಗಳೂರಿನಲ್ಲಿ ಒಂದು ತರಬೇತಿ ಇತ್ತು. ಅಲ್ಲೇ ಮೊದಲ ಸಲ ಎದುರುಬದುರು ಕೂತದ್ದು. ಹಳೇ ಪಠ್ಯಕ್ರಮದ ಸ್ಕೀಮು, ರಾಷ್ಟ್ರೀಯ ಶಿಕ್ಷಣ ನೀತಿಯ ಎನ್‌ಇಪಿ, ಈಗ ರಾಜ್ಯ ಶಿಕ್ಷಣ ನೀತಿಯ ಎಸ್‌ಇಪಿ, ಮೂರೂ ಒಟ್ಟಿಗೆ ನಡೆಸುವ ಗೋಳನ್ನು ನಾವಿಬ್ಬರೂ ಎಷ್ಟು ಮಾತಾಡಿದ್ದೇವೋ! ಪರೀಕ್ಷಾ ವಿಭಾಗದಲ್ಲಿ ಸ್ಕೀಮು ಯಾವುದೂ ಮುಗಿಯುವುದಿಲ್ಲ. ಒಬ್ಬ ರಿಪೀಟರ್ ಉಳಿದರೂ ಅವನಿಗೊಂದು ಪ್ರಶ್ನೆಪತ್ರಿಕೆ ತೆಗೆಸಬೇಕು.

ಹೋದ ವರ್ಷ ಇವರಿಗೆ ಹುಷಾರು ತಪ್ಪಿದ ಆ ದಿನ ಸಂಜೆ ನಮ್ಮ ಗ್ರೂಪಿನಲ್ಲಿ ಒಂದೇ ಸಾಲು ಹಾಕಿದ್ದೆ. ಇವರನ್ನು ಆಸ್ಪತ್ರೆಗೆ ಸೇರಿಸಿದ್ದೇನೆ, ತುರ್ತಿದ್ದರೆ ಆಫೀಸಿಗೆ ಕೇಳಿ ಅಂತ. ಎಲ್ಲರೂ ಕೈಮುಗಿಯುವ ಚಿತ್ರ ಕಳಿಸಿದರು. ಅಕ್ಕ ಏನೂ ಕಳಿಸಲಿಲ್ಲ. ಆಗಲೇ ಅವರು ರಾಯಚೂರು ಬಸ್‌ ಸ್ಟ್ಯಾಂಡಿನಲ್ಲಿ ಇದ್ದರಂತೆ. ಮಾನ್ವಿ, ಸಿಂಧನೂರು, ಸಿರುಗುಪ್ಪ ದಾಟಿ ಬಳ್ಳಾರಿಗೆ ನಾಲ್ಕು ತಾಸಿನ ಮೇಲೆ ಆಗುತ್ತೆ. ರಾತ್ರಿ ಆಪರೇಷನ್ ಥಿಯೇಟರ್ ಮುಂದಿನ ಬೆಂಚಿನಲ್ಲಿ ನಾನೊಬ್ಬಳೇ ಕೂತಿದ್ದೆ. ಮಗ ಪುಣೆಯಿಂದ ಹೊರಟಿದ್ದ, ಬೆಳಗಾಗದೆ ತಲುಪುವಂತಿರಲಿಲ್ಲ. ಕೈಯಲ್ಲೊಂದು ಬಟ್ಟೆಯ ಚೀಲ ಹಿಡಿದು ಅಕ್ಕ ಬಂದರು. ಸಮಾಧಾನದ ಮಾತು ಒಂದೂ ಆಡಲಿಲ್ಲ. ನನ್ನ ಫೋನ್ ಹೊಡೆದುಕೊಳ್ಳುತ್ತಲೇ ಇತ್ತು. ಅದನ್ನು ನೋಡಿದರು.

"ಫೋನ್ ಇಲ್ಲಿ ಕೊಡು ತಂಗಿ."

ಮರುದಿನ ನಮ್ಮಲ್ಲಿ ಕೊನೆಯ ಸೆಮಿಸ್ಟರ್ ಫಲಿತಾಂಶ ಬರಬೇಕಿತ್ತು. ಬಿ.ಇಡಿ., ಎಂ.ಎ., ಎಂ.ಕಾಂ. ಪ್ರವೇಶಕ್ಕೆ ಮಕ್ಕಳು ಕಾಯುತ್ತಿದ್ದರು. ಅಕ್ಕ ಫೋನ್ ತೆಗೆದುಕೊಂಡು, ನನ್ನ ಪಕ್ಕದಲ್ಲೇ ಕೂತು, ಬಂದ ಪ್ರತಿ ಕರೆಗೂ 'ಪರೀಕ್ಷಾ ವಿಭಾಗ, ಹೇಳ್ರಿ' ಅನ್ನತೊಡಗಿದರು. ಬೇರೆ ಜಿಲ್ಲೆಯ, ಬೇರೆ ವಿವಿಯ ಅಧೀಕ್ಷಕರು ನಮ್ಮ ವಿದ್ಯಾರ್ಥಿಗಳಿಗೆ ಉತ್ತರ ಹೇಳುತ್ತಿದ್ದರು. ಒಂದು ಉತ್ತರವೂ ಅಡ್ಡದಾರಿ ಹಿಡಿಯಲಿಲ್ಲ. ಡಬ್ಲ್ಯೂಎಚ್, ಅಂದರೆ ಫಲಿತಾಂಶ ತಡೆಹಿಡಿದಿದೆ ಅಂತ ಬಂದಿದ್ದರೆ ಇಂಟರ್ನಲ್ ಅಂಕ ಎಂಟ್ರಿ ಆಗಿದೆಯಾ ಅಂತ ಕಾಲೇಜಿನಲ್ಲಿ ಕೇಳು. ಶುಲ್ಕದ ರಸೀದಿ ತೆಗೆದಿಟ್ಟುಕೋ. ಮರುಮೌಲ್ಯಮಾಪನಕ್ಕೆ ನೋಟಿಫಿಕೇಶನ್ ಬರುತ್ತೆ, ಅದನ್ನು ನೋಡಿ ಹಾಕು. 'ನಾಳೆ ಬರ್ತದ' ಅಂತ ಮಾತ್ರ ಯಾರಿಗೂ ಹೇಳಲಿಲ್ಲ. ಫೋನಿನಲ್ಲಿ ತಾರೀಖು ಹೇಳಬಾರದು, ಇದು ನಮ್ಮವರು ಅನುಭವದಿಂದ ಕಲಿತದ್ದು. ಒಬ್ಬ ತಾಯಿ ತೆಲುಗಿನಲ್ಲಿ ಅಳುತ್ತಿದ್ದಳು. ಅಕ್ಕ ತೆಲುಗಿನಲ್ಲೇ ಸಮಾಧಾನ ಮಾಡಿದರು. ಬಳ್ಳಾರಿ, ರಾಯಚೂರಿನವರಿಗೆ ಅದೇನು ಹೊಸದಲ್ಲ ಬಿಡಿ.

ಮಾತಾಡುತ್ತಾ ಮಾತಾಡುತ್ತಾ ಆಸ್ಪತ್ರೆಯ ಬಿಲ್ಲಿನ ಹಿಂದೆ ಗೆರೆ ಎಳೆದು ಬರೆದುಕೊಳ್ಳುತ್ತಿದ್ದರು. ಕ್ರಮ ಸಂಖ್ಯೆ, ನೋಂದಣಿ ಸಂಖ್ಯೆ, ಕಾಲೇಜು, ಕೊನೆಗೆ ಟಿಪ್ಪಣಿಗೆ ಷರಾ. ಆ ಹೊತ್ತಿನಲ್ಲೂ ಷರಾ ಕಾಲಂ! ಒಬ್ಬಳ ಹೆಸರಿನ ಮುಂದೆ ಷರಾದಲ್ಲಿ ಬರೆದದ್ದು: 'ಅಳುತ್ತಿದ್ದಾಳೆ, ಮೊದಲು ಇದನ್ನು ನೋಡಿ.' ಬೆಳಿಗ್ಗೆ ಆ ಹಾಳೆಯ ಫೋಟೋ ನಮ್ಮ ಹುಡುಗರಿಗೆ ಹೋಯಿತು. ಅವರು ಮೊದಲು ಅದನ್ನೇ ನೋಡಿದರು.

ರಾತ್ರಿ ಮೂರರ ಹೊತ್ತಿಗೆ ಫೋನ್ ಸುಮ್ಮನಾಯಿತು. ಆಗ ನಾನು ಒಡೆದುಹೋದೆ. ಬರೆಯಲೋ ಬೇಡವೋ ಅಂತ ಯೋಚಿಸಿದೆ, ಬರೆದೇ ಬಿಡುತ್ತೇನೆ. ಆ ರಾತ್ರಿ ನನಗೆ ಯಾರ ಮೇಲೂ ಕನಿಕರ ಇರಲಿಲ್ಲ. ವಿದ್ಯಾರ್ಥಿಗಳ ಮೇಲೂ ಇರಲಿಲ್ಲ. ನನ್ನ ಗಂಡ ಒಳಗೆ ಹಾಗೆ ಮಲಗಿದ್ದಾಗ ಇವರಿಗೆ ಅಂಕಪಟ್ಟಿಯ ಚಿಂತೆಯೇ ಅಂತ ಮೈಯೆಲ್ಲ ಉರಿಯುತ್ತಿತ್ತು. ಅವರಿಗೇನು ಗೊತ್ತು, ಪಾಪ. ಗೊತ್ತಿದ್ದೂ ಉರಿಯುತ್ತಿತ್ತು. ರಿಟೈರ್ ಆದ ಮೇಲೆ ಇಬ್ಬರೂ ಕೂತು ಟೀ ಕುಡಿಯೋಣ ಅಂತ ಇವರು ವರ್ಷಗಟ್ಟಲೆ ಹೇಳಿದ್ದರು. ಇವರೇ ಇಲ್ಲದಿದ್ದರೆ ಆ ಟೀ ತಗೊಂಡು ನಾನೇನು ಮಾಡಲಿ ಅಂತ ಅಕ್ಕನ ಮೇಲೇ ಕೂಗಾಡಿದೆ. ನರ್ಸ್ ಬಂದು ನೋಡಿ ಹೋದಳು.

ಅಕ್ಕ ಕೂಗಾಡಲು ಬಿಟ್ಟರು. ಎಲ್ಲ ಮುಗಿದ ಮೇಲೆ ಚೀಲದಿಂದ ಡಬ್ಬಿ ತೆಗೆದರು. ಮಂಡಕ್ಕಿ ಒಗ್ಗರಣಿ. ಮನೆಯಿಂದ ಹೊರಡುವ ಗಡಿಬಿಡಿಯಲ್ಲೂ ಮಾಡಿ ತಂದಿದ್ದರು. "ತಿನ್ನು, ಖಾರ ಜಾಸ್ತಿ ಆಗೇದ" ಅಂದರು. ನಿಜವಾಗಲೂ ಜಾಸ್ತಿ ಆಗಿತ್ತು. ತಿಂದೆ. ಖಾರಕ್ಕೆ ಅತ್ತೆನೋ, ಸುಮ್ನೆ ಅತ್ತೆನೋ.

ಬೆಳಿಗ್ಗೆ ಡಾಕ್ಟರು ಹೊರಗೆ ಬಂದು ಮಾತಾಡುವವರೆಗೂ ಅಕ್ಕ ಕದಲಲಿಲ್ಲ. ಮಗ ಬಂದ ಮೇಲೆ ಅವನ ಕೈಗೆ ಔಷಧಿ ಚೀಟಿಗಳನ್ನು ತಾರೀಖಿನ ಪ್ರಕಾರ ಜೋಡಿಸಿ ಕೊಟ್ಟರು, ಥೇಟ್ ಕಡತದ ಹಾಗೇ. ಆಮೇಲೆ ಬಸ್ ಹತ್ತಿದರು. ಮಧ್ಯಾಹ್ನದ ಹೊತ್ತಿಗೆ ಅವರಲ್ಲಿ ಪ್ರಶ್ನೆಪತ್ರಿಕೆ ಬಂಡಲ್ ಇಳಿಸಿಕೊಳ್ಳುವುದಿತ್ತಂತೆ. ಅರ್ಧ ದಿನದ ರಜೆ ಹಾಕಿ ಬಂದಿದ್ದರು. ನಾನಾಗಿದ್ದರೆ ಹೀಗೆ ಬರುತ್ತಿದ್ದೆನೋ ಇಲ್ಲವೋ, ಎದೆ ಮುಟ್ಟಿ ಹೇಳಲಾರೆ. ಒಂದೇ ಊರಿನವರಲ್ಲ, ಒಂದೇ ಆಫೀಸಿನವರಲ್ಲ, ನೆಂಟರೂ ಅಲ್ಲ. ಅಕ್ಕಾ, ನಿಮಗೆ ಥ್ಯಾಂಕ್ಸ್ ಅಂದರೆ 'ಆತು ಬಿಡು' ಅನ್ನುತ್ತೀರಿ. ಈ ಸಲ ಬಿಡುವುದಿಲ್ಲ. ಎಲ್ಲರ ಮುಂದೆ ಹೇಳುತ್ತಿದ್ದೇನೆ.

ಉಳಿದವರಿಗೂ ಹೇಳಬೇಕು. ಆ ವಾರ ಮನೆಗೇ ಹೋಗದೆ ಫಲಿತಾಂಶ ಹೊರಗೆ ತಂದ ನಮ್ಮ ಹೊರಗುತ್ತಿಗೆ ಹುಡುಗರಿಗೆ, ತಾವೇ ಬಂದು ನನ್ನ ಕುರ್ಚಿಯಲ್ಲಿ ಕೂತು ಸಹಿ ಮಾಡಿದ ಮೌಲ್ಯಮಾಪನ ಕುಲಸಚಿವರಿಗೆ, ರಜೆಯ ಅರ್ಜಿಗೆ ಒಂದು ಪ್ರಶ್ನೆಯನ್ನೂ ಕೇಳದ ಆಡಳಿತ ವಿಭಾಗಕ್ಕೆ, ವೈದ್ಯಕೀಯ ಬಿಲ್ಲನ್ನು ಮೇಜಿಂದ ಮೇಜಿಗೆ ತಾವೇ ಹೊತ್ತು ಓಡಾಡಿದ ಲೆಕ್ಕಪತ್ರದ ತಮ್ಮನಿಗೆ, ಕಲಬುರಗಿಯ ಹಿರಿಯರಿಗೆ, ಎಲ್ಲರಿಗೂ ನಮಸ್ಕಾರ. ಕನಕ ದುರ್ಗಮ್ಮನ ಗುಡಿಗೆ ಹೋಗಿ ಹರಕೆ ಹೊತ್ತವರು ಯಾರು ಅಂತ ಇನ್ನೂ ಗೊತ್ತಾಗಿಲ್ಲ. ಮೂರು ಜನ 'ನಾನೇ' ಅನ್ನುತ್ತಿದ್ದಾರೆ.

ಕೊಪ್ಪಳದ ಗೆಳೆಯರಿಗೆ ಬೇರೆಯಾಗಿ ಒಂದು ಮಾತು. 2025ರ ಫೆಬ್ರುವರಿಯಲ್ಲಿ ಒಂಬತ್ತು ಹೊಸ ವಿವಿಗಳನ್ನು ಮುಚ್ಚುವ ಸುದ್ದಿ ಬಂದಾಗ ಆ ಪಟ್ಟಿಯಲ್ಲಿ ನಿಮ್ಮದೂ ಇತ್ತು. ನಿಮ್ಮ ಮೇಜೇ ಇರುತ್ತೋ ಇಲ್ಲವೋ ಅನ್ನುವ ವರ್ಷದಲ್ಲೂ ನೀವು ಫೋನ್ ಮಾಡಿ 'ಸರ್ ಹೆಂಗದಾರ?' ಅಂತ ಕೇಳುತ್ತಿದ್ದಿರಿ. ನಿಮ್ಮ ಚಿಂತೆಯ ಸುದ್ದಿ ತೆಗೆಯುತ್ತಲೇ ಇರಲಿಲ್ಲ. ನನಗದು ಗೊತ್ತಾಗುತ್ತಿತ್ತು.

ಕೊನೆಯದಾಗಿ ಕೆಲಸದ ಮಾತು. ನನ್ನ ಜಾಗಕ್ಕೆ ಬಂದವರು ಒಳ್ಳೆಯವರು, ಚುರುಕು. ಬಾಕಿ ಇದ್ದ ನೈಜತೆ ಪರಿಶೀಲನೆಯ ಪತ್ರಗಳನ್ನೆಲ್ಲ ಪಟ್ಟಿ ಮಾಡಿ ಕೊಟ್ಟಿದ್ದೇನೆ, ಷರಾ ಸಮೇತ. ನನ್ನ ಮೊಬೈಲ್ ನಂಬರ್ ಇನ್ನೂ ಕೆಲವು ಕಾಲೇಜುಗಳ ನೋಟಿಸ್ ಬೋರ್ಡಿನಲ್ಲಿ ಇದೆಯಂತೆ. ನಿನ್ನೆ ರಾತ್ರಿ ಹನ್ನೊಂದಕ್ಕೆ ಒಬ್ಬ ಹುಡುಗ ಫೋನ್ ಮಾಡಿ ಎರಡನೇ ಸೆಮಿಸ್ಟರ್ ಟೈಮ್ ಟೇಬಲ್ ಕೇಳಿದ. ಪ್ರಿನ್ಸಿಪಾಲರುಗಳೇ, ದಯವಿಟ್ಟು ಆ ಚೀಟಿ ಕೀಳಿಸಿ, ಹೊಸಬರ ನಂಬರ್ ಹಾಕಿಸಿ. ಆ ಹುಡುಗನಿಗೆ ಟೈಮ್ ಟೇಬಲ್ ಕಳಿಸಿದ್ದೇನೆ.