ಹಳೆ ಕಾರಿನ ಗ್ರಾಹಕರಿಗೆ: ಇನ್ನು ಬೆಲ್ಟು ಬಿಗಿಯದೆ ಕಾರು ಕೊಡುವುದಿಲ್ಲ

ಪ್ರಿಯ ಗ್ರಾಹಕರಿಗೆ ನಮಸ್ಕಾರ.

ವಿಷಯ ಮೊದಲೇ ಹೇಳಿಬಿಡುತ್ತೇವೆ. ಕಂಕನಾಡಿಯ ನಮ್ಮ ಕುಶನ್ ಅಂಗಡಿಗೆ ಸೀಟಿನ ಕೆಲಸಕ್ಕೆ ಬರುವ, ಬೆಲ್ಟ್ ಇರುವ ಯಾವ ಹಳೆ ಕಾರನ್ನೂ ಬರುವ ತಿಂಗಳ 1ನೇ ತಾರೀಕಿನಿಂದ ಸೀಟ್ ಬೆಲ್ಟ್ ಕೂರಿಸಿ, ಬಿಗಿದು, ಎಳೆದು ನೋಡದೆ ವಾಪಸ್ ಕೊಡುವುದಿಲ್ಲ. ಇದಕ್ಕೆ ಒಂದು ದಿನ ಜಾಸ್ತಿ ಬೇಕು. ಸ್ವಲ್ಪ ಹಣವೂ ಜಾಸ್ತಿ ಆಗುತ್ತದೆ. ಯಾಕೆ ಅಂತ ಕೇಳುವುದು ನಿಮ್ಮ ಹಕ್ಕು, ಅದಕ್ಕೇ ಈ ಪತ್ರ.

ಇಷ್ಟು ವರ್ಷ ನಮ್ಮಲ್ಲಿ ಇದಕ್ಕೆ ಒಂದು ಕ್ರಮವೇ ಇರಲಿಲ್ಲ. ಕೆಲವು ಕಾರಿಗೆ ನಾವೇ ಬೆಲ್ಟ್ ಹಾಕಿ ಕೊಡುತ್ತಿದ್ದೆವು. ಕೆಲವಕ್ಕೆ "ಬೆಲ್ಟ್ ಬಿಚ್ಚಿ ಡಿಕ್ಕಿಯಲ್ಲಿ ಇಟ್ಟಿದ್ದೇವೆ, ನಿಮ್ಮ ಮೆಕ್ಯಾನಿಕ್ ಹತ್ರ ಹಾಕಿಸಿಕೊಳ್ಳಿ" ಅನ್ನುತ್ತಿದ್ದೆವು. ಎಷ್ಟು ಜನ ಹಾಕಿಸಿಕೊಂಡಿದ್ದಾರೋ ದೇವರೇ ಬಲ್ಲ. ಎರಡು ವರ್ಷ ಬಿಟ್ಟು ಬಂದ ಒಂದು ಕಾರಿನ ಡಿಕ್ಕಿಯಲ್ಲಿ ನಾವೇ ಕಟ್ಟಿಟ್ಟ ಪ್ಲಾಸ್ಟಿಕ್ ಚೀಲ ಹಾಗೇ ಇತ್ತು.

ಕಳೆದ ಏಪ್ರಿಲ್‌ನಲ್ಲಿ ಉಡುಪಿಯ ಗ್ರಾಹಕರೊಬ್ಬರ ಪ್ರೀಮಿಯರ್ ಪದ್ಮಿನಿ ಬಂತು. ಮನೆಯಲ್ಲಿ ಮದುವೆ, ಮದುಮಗಳು ಅದೇ ಕಾರಿನಲ್ಲಿ ಹೋಗಬೇಕು. ಕುಂಕುಮ ಬಣ್ಣದ ರೆಕ್ಸಿನ್, ಹೊಲಿಗೆಯ ಅಂಚಿಗೆ ಬಿಳಿ ಪೈಪಿಂಗ್. ನಾವು ಮಾಡಿದ ಒಳ್ಳೆ ಕೆಲಸಗಳಲ್ಲಿ ಅದೂ ಒಂದು ಅಂತ ಈಗಲೂ ಹೇಳುತ್ತೇವೆ. ಕಾರು ಕೊಟ್ಟ ಸಂಜೆ ಅವರು ಪಡುಬಿದ್ರಿ ಹತ್ತಿರ ಹೋಗುವಾಗ ದನ ಅಡ್ಡ ಬಂತು. ಬ್ರೇಕ್ ಒತ್ತಿದರು. ದನಕ್ಕೂ ಏನೂ ಆಗಲಿಲ್ಲ, ಅವರಿಗೂ ಏನೂ ಆಗಲಿಲ್ಲ. ಆದರೆ ಬೆಲ್ಟಿನ ಬಕಲ್ ಬುಡ ಸಮೇತ ಎದ್ದು ಬಂತು. ಫೋನ್ ಮಾಡಿ ಹೇಳಿದ್ದು ಇಷ್ಟೇ: "ಸೀಟು ಚೆಂದ ಆಗಿದೆ ಮಾರಾಯ್ರೇ, ಬೆಲ್ಟು ಮಾತ್ರ ನನ್ನ ಕೈಯಲ್ಲಿ ಉಂಟು."

ತಪ್ಪು ಪೂರ್ತಿ ನಮ್ಮದು. ನಮ್ಮ ಹುಡುಗ ಬೋಲ್ಟನ್ನು ಕೈಯಲ್ಲೇ ಎರಡು ಸುತ್ತು ತಿರುಗಿಸಿ ಊಟಕ್ಕೆ ಹೋಗಿದ್ದ. ಅವನು ಬರುವಷ್ಟರಲ್ಲಿ ಇನ್ನೊಬ್ಬ ಸೀಟು ತಂದು ಮೇಲೆ ಕೂರಿಸಿದ್ದ. ಸೀಟು ಕೂತ ಮೇಲೆ ಆ ಬೋಲ್ಟ್ ಯಾರ ಕಣ್ಣಿಗೂ ಬೀಳುವುದಿಲ್ಲ. ಅದೇ ಈ ಕೆಲಸದ ಕಷ್ಟ. ಪೈಪಿಂಗ್ ಸೊಟ್ಟ ಆದರೆ ನೀವು ಅಂಗಡಿಯಲ್ಲೇ ತೋರಿಸಿ ಬೈಯುತ್ತೀರಿ. ಬೋಲ್ಟ್ ಸಡಿಲ ಇದ್ದರೆ ಅದು ಗೊತ್ತಾಗುವುದು ರಸ್ತೆಯಲ್ಲಿ.

"ಸೀಟ್ ಕವರ್ ಹಾಕ್ಲಿಕ್ಕೆ ಕೊಟ್ರೆ ಬೆಲ್ಟಿಗೆ ಎಂಥ ಆಗ್ತದೆ?" ಅಂತ ಬಹಳ ಜನ ಕೇಳುತ್ತಾರೆ. ಆಗುವುದು ಬಹಳ ಉಂಟು.

ಮೊದಲನೆಯದು ಎತ್ತರ. ಹಳೆ ಕಾರಿನ ಸೀಟಿನೊಳಗೆ ಇರುವುದು ಸ್ಪ್ರಿಂಗ್, ಅದರ ಮೇಲೆ ತೆಂಗಿನ ನಾರಿನ ಹಾಸು ಅಥವಾ ಹಳೆ ಫೋಮ್. ಮೂವತ್ತು ನಲವತ್ತು ವರ್ಷ ಜನ ಕೂತು ಕೂತು ಅದು ತಗ್ಗಿರುತ್ತದೆ. ನಾವು ಹೊಸ ಫೋಮ್ ಹಾಕಿದಾಗ ಸೀಟು ಒಂದೆರಡು ಇಂಚು ಏರುತ್ತದೆ. ನೀವು ಎತ್ತರದಲ್ಲಿ ಕೂರುತ್ತೀರಿ, ಬೆಲ್ಟಿನ ಬೋಲ್ಟುಗಳು ಮಾತ್ರ ಇದ್ದಲ್ಲೇ ಇರುತ್ತವೆ. ಮೊನ್ನೆವರೆಗೆ ಭುಜದ ಮೇಲೆ ಸರಿಯಾಗಿ ಬರುತ್ತಿದ್ದ ಪಟ್ಟಿ ಈಗ ಭುಜವನ್ನು ಕೆಳಗೆ ಒತ್ತುತ್ತದೆ. ಬಕಲ್ ಫೋಮಿನೊಳಗೆ ಹೂತು ಹೋಗುತ್ತದೆ, ಬೆರಳು ಹಾಕಿ ಹುಡುಕಬೇಕು. ಹುಡುಕಿ ಸಿಗದಿದ್ದರೆ ಜನ ಏನು ಮಾಡುತ್ತಾರೆ ಗೊತ್ತಲ್ವಾ? ಬೆಲ್ಟ್ ಹಾಕುವುದನ್ನೇ ಬಿಡುತ್ತಾರೆ.

ಫೋಮ್ ತುಂಬ ಮೆತ್ತಗಿದ್ದರೆ ಬೇರೆ ತೊಂದರೆ. ಗಾಡಿ ಗುದ್ದಿದಾಗ ಸೊಂಟ ಫೋಮಿನಲ್ಲಿ ಹೂತು ಮುಂದೆ ಜಾರುತ್ತದೆ, ಕೆಳಗಿನ ಪಟ್ಟಿ ಹೊಟ್ಟೆಯ ಮೇಲೆ ಏರುತ್ತದೆ. ಆ ಪಟ್ಟಿ ಕೂರಬೇಕಾದ್ದು ಸೊಂಟದ ಎಲುಬಿನ ಮೇಲೆ. ಎಲುಬು ಪೆಟ್ಟು ತಡೆಯುತ್ತದೆ, ಹೊಟ್ಟೆ ತಡೆಯುವುದಿಲ್ಲ. "ಸೋಫಾದ ಹಾಗೆ ಮೆತ್ತಗೆ ಮಾಡಿ" ಅನ್ನುವವರಿಗೆ ಇನ್ನು ಮುಂದೆ ನಾವು ಸ್ವಲ್ಪ ಚರ್ಚೆ ಮಾಡುತ್ತೇವೆ. ಬೇಸರ ಮಾಡಿಕೊಳ್ಳಬೇಡಿ.

ಪೆಟ್ಟು ಎಷ್ಟು ಅಂತ ಲೆಕ್ಕ ಬೇಕಾ? ಗಂಟೆಗೆ 50 ಕಿ.ಮೀ. ವೇಗದಲ್ಲಿ ಇರುವ 70 ಕೆ.ಜಿ. ತೂಕದ ಮನುಷ್ಯ ಅರ್ಧ ಮೀಟರ್ ದೂರದೊಳಗೆ ನಿಲ್ಲಬೇಕಾದರೆ ಬೆಲ್ಟಿನ ಮೇಲೆ ಬೀಳುವ ಎಳೆತ ಸುಮಾರು 1,400 ಕೆ.ಜಿ. ಭಾರದಷ್ಟು. ಒಂದು ಅಂಬಾಸಿಡರಿನ ತೂಕ ಇದಕ್ಕಿಂತ ಕಮ್ಮಿ. ಇಡೀ ಕಾರನ್ನು ಆ ಬೆಲ್ಟಿನಲ್ಲಿ ನೇತು ಹಾಕಿದ ಹಾಗೆ. ಮೂರು ಕಡೆ ಹಿಡಿಯುವ ಬೆಲ್ಟನ್ನು 1959ರಲ್ಲಿ ವೋಲ್ವೊ ಕಂಪನಿಯ ನಿಲ್ಸ್ ಬೋಲಿನ್ ಮಾಡಿಕೊಟ್ಟದ್ದೇ ಈ ಎಳೆತ ಎದೆಗೂ ಸೊಂಟಕ್ಕೂ ಹಂಚಿ ಹೋಗಲಿ ಅಂತ. ಮೂರರಲ್ಲಿ ಒಂದು ಬೋಲ್ಟ್ ಸಡಿಲ ಇದ್ದರೆ ಆ ಹಂಚಿಕೆ ಕೆಟ್ಟಿತು.

ಬೋಲ್ಟಿನ ಬಗ್ಗೆ ನಾವೂ ಈಚೆಗೆ ಕಲಿತದ್ದು ಕೆಲವು ಉಂಟು. ಹಲವು ಕಾರುಗಳಲ್ಲಿ ಬೆಲ್ಟಿನ ಬೋಲ್ಟ್ 7/16 ಇಂಚಿನದು, ಇಂಚಿಗೆ 20 ಎಳೆಯ ಸಣ್ಣ ತ್ರೆಡ್, ಅಂದರೆ ತಿರುಪಿನ ಗೆರೆ. ಮಿಲಿಮೀಟರಿನಲ್ಲಿ ಹೇಳುವುದಾದರೆ 11ಕ್ಕಿಂತ ಚೂರು ಜಾಸ್ತಿ. 10 ಎಂ.ಎಂ. ಬೋಲ್ಟ್ ಅದರಲ್ಲಿ ಲೊಡ ಲೊಡ ಅನ್ನುತ್ತದೆ. 12 ಎಂ.ಎಂ. ಹೋಗುವುದಿಲ್ಲ, ಆದರೂ ಉದ್ದದ ಪಾನೆ ಹಾಕಿ ಒತ್ತಾಯ ಮಾಡಿದರೆ ಕಾರಿನ ಮೈಗೆ ಬೆಸೆದ ನಟ್ಟಿನ ತ್ರೆಡ್ ಹಾಳು. ಬಂದರಿನ ಹಾರ್ಡ್‌ವೇರ್ ಅಂಗಡಿಯಲ್ಲಿ ಕೆ.ಜಿ. ಲೆಕ್ಕದಲ್ಲಿ ಸಿಗುವ ಬೋಲ್ಟ್ ಗೇಟಿಗೆ ಆಗುತ್ತದೆ, ಇದಕ್ಕೆ ಆಗುವುದಿಲ್ಲ. ಇಲ್ಲಿಗೆ ಗಟ್ಟಿ ಉಕ್ಕಿನ ಬೋಲ್ಟೇ ಬೇಕು.

ಇನ್ನು ವಾಶರ್. ಬೆಲ್ಟಿನ ತುದಿಯ ಕಬ್ಬಿಣದ ಪಟ್ಟಿ ಬೋಲ್ಟಿನ ಸುತ್ತ ತಿರುಗಬೇಕು. ಅದಕ್ಕಾಗಿ ಅಲ್ಲಿ ಬುಷ್ ಅನ್ನುವ ಒಂದು ಸಣ್ಣ ಬಳೆ, ಒಂದು ಅಲೆ ಅಲೆಯ ವಾಶರ್ ಇರುತ್ತದೆ. ಬಿಚ್ಚುವಾಗ ಅವು ಉದುರಿ ಮ್ಯಾಟಿನ ಅಡಿಗೆ ಹೋಗುತ್ತವೆ. "ಒಂದು ವಾಶರ್ ಉಳಿಯಿತು, ಪರವಾಗಿಲ್ಲ" ಅಂತ ಬಿಟ್ಟು ಬಿಗಿದರೆ ಪಟ್ಟಿ ತಿರುಗದೆ ಅಲ್ಲೇ ಕಚ್ಚಿಕೊಳ್ಳುತ್ತದೆ, ಎಳೆತ ಒಂದೇ ಅಂಚಿಗೆ ಬೀಳುತ್ತದೆ. ಈಗ ಬಿಚ್ಚುವ ಮೊದಲು ಫೋಟೊ ತೆಗೆಯುತ್ತೇವೆ. ಬೋಲ್ಟ್, ಬುಷ್, ವಾಶರ್ ಎಲ್ಲವನ್ನೂ ಇದ್ದ ಕ್ರಮದಲ್ಲೇ ತಂತಿಗೆ ಪೋಣಿಸಿ, ಕಾರಿನ ನಂಬರ್ ಬರೆದು ಗೋಡೆಗೆ ನೇತು ಹಾಕುತ್ತೇವೆ. ನೋಡಿದವರು ಮೀನಿನ ಗೊಂಚಲು ಅಂತ ತಮಾಷೆ ಮಾಡುತ್ತಾರೆ, ಮಾಡಲಿ. ಬಿಗಿಯುವುದು ಟಾರ್ಕ್ ರೆಂಚಿನಲ್ಲಿ, ಅಂದರೆ ಎಷ್ಟು ಬಿಗಿಯಾಯಿತು ಅಂತ ಅಳೆದು ಹೇಳುವ ಪಾನೆಯಲ್ಲಿ. ಒಬ್ಬ ಬಿಗಿದ ಬೋಲ್ಟಿಗೆ ಇನ್ನೊಬ್ಬ ನೋಡಿ ಹಳದಿ ಪೇಂಟಿನ ಗೆರೆ ಎಳೆಯಬೇಕು. ಗೆರೆ ಇಲ್ಲದೆ ಸೀಟು ಮೇಲೆ ಹೋಗುವುದಿಲ್ಲ.

ಪಟ್ಟಿಯ ವಿಷಯದಲ್ಲಿ ಒಂದು ತಪ್ಪು ಒಪ್ಪಿಕೊಳ್ಳಬೇಕು. ಸೀಟಿನ ಬಣ್ಣಕ್ಕೆ ಹೊಂದಲಿ ಅಂತ ಕೇಳಿದ ಒಂದಿಬ್ಬರಿಗೆ ನಾವು ಹಳೆ ಕೊಕ್ಕೆಗೆ ಹೊಸ ಪಟ್ಟಿ ಹೊಲಿದು ಕೊಟ್ಟಿದ್ದುಂಟು. ಇನ್ನು ಅದನ್ನು ಮಾಡುವುದಿಲ್ಲ, ಎಷ್ಟು ಕೊಟ್ಟರೂ ಇಲ್ಲ. ನಮ್ಮ ಮಿಷಿನ್ ಇರುವುದು ರೆಕ್ಸಿನ್ ಹೊಲಿಯಲಿಕ್ಕೆ. ಬೆಲ್ಟಿನ ಹೊಲಿಗೆಯ ದಾರ, ಸಾಲು, ಲೆಕ್ಕ ಎಲ್ಲ ಫ್ಯಾಕ್ಟರಿಯಲ್ಲಿ ಎಳೆದು ಪರೀಕ್ಷೆ ಮಾಡಿದ್ದು. ನಮ್ಮಲ್ಲಿ ಹೊಲಿಸಿಕೊಂಡವರು ದಯವಿಟ್ಟು ಕಾರು ತನ್ನಿ, ನಮ್ಮ ಖರ್ಚಿನಲ್ಲೇ ಹೊಸ ಬೆಲ್ಟ್ ಹಾಕಿ ಕೊಡುತ್ತೇವೆ.

ಅಂಚು ಗುಂಜು ಎದ್ದ, ಇಲಿ ಕಡಿದ, ಬಿಸಿಲಿಗೆ ಬಣ್ಣ ಹೋಗಿ ಬಿರುಸಾದ ಬೆಲ್ಟನ್ನು ವಾಪಸ್ ಹಾಕುವುದಿಲ್ಲ. ಒಮ್ಮೆ ಅಪಘಾತದಲ್ಲಿ ಎಳೆತ ತಿಂದ ಬೆಲ್ಟನ್ನೂ ಅಷ್ಟೇ, ನೋಡಲಿಕ್ಕೆ ಹೊಸದರ ಹಾಗೆ ಇದ್ದರೂ ಸರಿ. ನಮ್ಮ ಊರಿನ ಮಳೆಗೆ ಬೆಲ್ಟಿಗೆ ಬೂಸ್ಟು ಹಿಡಿಯುವುದು ಮಾಮೂಲು. ಅದಕ್ಕೆ ಬ್ಲೀಚಿಂಗ್ ಪೌಡರ್, ಆಸಿಡ್ ಹಾಕಿ ತಿಕ್ಕಬೇಡಿ, ನೂಲು ಒಳಗಿಂದ ಸಾಯುತ್ತದೆ. ಉಗುರುಬೆಚ್ಚಗಿನ ನೀರು, ಸಾದಾ ಸೋಪು ಸಾಕು. ಪೂರ್ತಿ ಹೊರಗೆಳೆದು, ಒಳಗೆ ಸುತ್ತಿಕೊಳ್ಳದ ಹಾಗೆ ಬಟ್ಟೆ ಕ್ಲಿಪ್ ಹಾಕಿ, ನೆರಳಲ್ಲಿ ಒಣಗಿಸಿ. ನಾವೂ ಇನ್ನು ರೆಕ್ಸಿನಿಗೆ ಗಮ್ ಹಚ್ಚುವಾಗ ಬೆಲ್ಟನ್ನು ಕಾರಿನಿಂದಲೇ ಹೊರಗೆ ಇಡುತ್ತೇವೆ. ಗಮ್ ಬಿದ್ದ ಬೆಲ್ಟನ್ನು ಥಿನ್ನರಿನಲ್ಲಿ ಒರೆಸಿದ ಕಾಲವೂ ಇತ್ತು, ಈಗ ನೆನೆಸಿದರೆ ನಾಚಿಕೆ.

ಗುಜರಿಯಿಂದ ಸುತ್ತಿಕೊಳ್ಳುವ ಬೆಲ್ಟ್ ತಂದು "ಇದನ್ನೇ ಹಾಕಿ" ಅನ್ನುವವರಿಗೆ ಒಂದು ಮಾತು. ಬೆಲ್ಟ್ ಸುತ್ತಿಕೊಳ್ಳುವ ಪೆಟ್ಟಿಗೆಯೊಳಗೆ ಒಂದು ಗುಂಡೋ ಲೋಲಕವೋ ಇರುತ್ತದೆ. ಕಾರು ತಟ್ಟನೆ ನಿಂತಾಗ ಅದು ಸರಿದು ಬೆಲ್ಟನ್ನು ಹಿಡಿಯುತ್ತದೆ. ಪೆಟ್ಟಿಗೆಯನ್ನು ಓರೆಯಾಗಿ ಹಾಕಿದರೆ ಅದು ಸುಮ್ನೆ ನಿಂತ ಕಾರಿನಲ್ಲೂ ಹಿಡಿದುಕೊಂಡೇ ಇರುತ್ತದೆ. ಒಂದು ಕಾರಿನ ಬಾಗಿಲ ಪಕ್ಕದ ಕಂಬಕ್ಕೆ ಮಾಡಿದ್ದು ಇನ್ನೊಂದು ಕಾರಿನ ಕಂಬಕ್ಕೆ ಸರಿಯಾಗಬೇಕೆಂದಿಲ್ಲ. ಗುಜರಿ ಕಾರು ಯಾಕೆ ಗುಜರಿಗೆ ಹೋಯಿತು ಅಂತಲೂ ಯೋಚಿಸಿ.

ಬೆಲ್ಟೇ ಇಲ್ಲದ ಕಾರು? ನಮ್ಮ ದೇಶದಲ್ಲಿ ಮುಂದಿನ ಸೀಟಿಗೆ ಬೆಲ್ಟ್ ಕೊಡಲೇಬೇಕು ಅಂತ ಆದದ್ದು 1994ರಲ್ಲಿ. ಅದಕ್ಕಿಂತ ಹಿಂದಿನ ಅಂಬಾಸಿಡರ್, ಪದ್ಮಿನಿ ಬಹಳಷ್ಟಕ್ಕೆ ಬೆಲ್ಟ್ ಬಂದೇ ಇಲ್ಲ. ಅಂಥ ಕಾರಿಗೆ ಹಾಕಲೇಬೇಕೆಂದು ನಾವು ಒತ್ತಾಯ ಮಾಡುವುದಿಲ್ಲ. ಹಾಕಿಸುವವರಿದ್ದರೆ ಸಂತೋಷ, ಆದರೆ ನೆಲದ ತಗಡಿಗೆ ತೂತು ಕೊರೆದು ಬೋಲ್ಟ್ ಹಾಕಿ ಕೊಡುವುದಿಲ್ಲ. ಕಡಲ ಗಾಳಿಗೆ ಆ ತಗಡು ಎಷ್ಟು ತಿಂದುಹೋಗಿದೆ ಅಂತ ಸೀಟು ಎತ್ತಿದ ನಮಗೆ ಮಾತ್ರ ಗೊತ್ತು. ಮೊದಲು ಟಿಂಕರಿಂಗ್‌ನವರು ತುಕ್ಕು ಕತ್ತರಿಸಿ, ಅಡಿಯಲ್ಲಿ ದಪ್ಪ ಪ್ಲೇಟ್ ಬೆಸೆದು ಕೊಡಬೇಕು. ಆಮೇಲೆ ನಮ್ಮ ಕೆಲಸ. ಬೆಲ್ಟ್ ಇರುವ ಕಾರಿನಲ್ಲಿ ಅದನ್ನು ಹಾಕದಿದ್ದರೆ 1,000 ರೂಪಾಯಿ ದಂಡ, ಅದು ನಿಮಗೆ ಗೊತ್ತೇ ಇದೆ. ಬೆಲ್ಟ್ ಬಿಚ್ಚಿ ಡಿಕ್ಕಿಯಲ್ಲಿ ಇಟ್ಟರೆ ದಂಡ ತಪ್ಪುತ್ತದೆ ಅಂತ ಯಾರೂ ಲೆಕ್ಕ ಹಾಕಬೇಡಿ.

ಖರ್ಚು ಹೀಗೆ. ಮುಂದಿನ ಎರಡು ಬೆಲ್ಟ್ ಬಿಚ್ಚಿ ಕೂರಿಸಲು 800 ರೂಪಾಯಿ. ಹಿಂದಿನ ಸೀಟೂ ಸೇರಿದರೆ 1,400. ಬೆಲ್ಟು, ಬೋಲ್ಟು ಹೊಸದು ಬೇಕಾದರೆ ತಂದ ಬಿಲ್ಲಿನ ಬೆಲೆ ಮಾತ್ರ, ಬಿಲ್ ನಿಮ್ಮ ಕೈಗೇ. 2014ರಲ್ಲಿ ಅಂಬಾಸಿಡರ್ ತಯಾರಿ ನಿಂತ ಮೇಲೆ ಅದರ ಸಾಮಾನು ಹುಡುಕಲು ದಿನ ಹಿಡಿಯುತ್ತದೆ, ಆದ್ದರಿಂದ ಮದುವೆಗೆ, ಕಾರು ಮೆರವಣಿಗೆಗೆ ಬೇಕಾದವರು ಎರಡು ವಾರ ಮೊದಲೇ ತನ್ನಿ. ಕಾರಿನ ಜೊತೆ ಬಂದ ಹಳೆ ಬೆಲ್ಟನ್ನು ಬಿಸಾಡುವುದಿಲ್ಲ, ಚೀಲದಲ್ಲಿ ಹಾಕಿ ವಾಪಸ್ ಕೊಡುತ್ತೇವೆ. ನೆನಪಿಗೆ ಇಟ್ಟುಕೊಳ್ಳಿ, ಕಟ್ಟಿಕೊಳ್ಳಲಿಕ್ಕೆ ಅಲ್ಲ.

ಕಳೆದ ಮೂರು ವರ್ಷದಲ್ಲಿ ನಮ್ಮಲ್ಲಿ ಸೀಟಿನ ಕೆಲಸ ಮಾಡಿಸಿದ ಎಲ್ಲ ಹಳೆ ಕಾರಿನವರಿಗೂ ಬೆಲ್ಟ್ ಪರೀಕ್ಷೆ ಪುಕ್ಕಟೆ. ಭಾನುವಾರ ಬಿಟ್ಟು ಯಾವ ದಿನ ಬೇಕಾದರೂ ಬನ್ನಿ. ಉಡುಪಿಯ ಆ ಪದ್ಮಿನಿಯವರು ಬಂದು ಹೋದರು. ಎಲ್ಲ ಬೋಲ್ಟಿಗೂ ಹಳದಿ ಗೆರೆ ಬಿದ್ದ ಮೇಲೆ, ಸೀಟು ಎತ್ತಿ ಅವರಿಗೇ ತೋರಿಸಿ, ಮತ್ತೆ ಕೂರಿಸಿ ಕೊಟ್ಟೆವು.

ಕಾರು ತೆಗೆದುಕೊಂಡು ಹೋಗಲು ಬರುವ ದಿನ ಒಂದು ಉಪಕಾರ ಮಾಡಿ. ಮನೆಯಲ್ಲಿ ಎಲ್ಲರಿಗಿಂತ ಗಿಡ್ಡ ಇರುವವರನ್ನೂ ಎಲ್ಲರಿಗಿಂತ ದಪ್ಪ ಇರುವವರನ್ನೂ ಜೊತೆಗೆ ಕರೆದುಕೊಂಡು ಬನ್ನಿ. ಅವರಿಬ್ಬರೂ ಕೂತು, ನೋಡದೆ ಕೈ ಹಾಕಿ, ಬಕಲ್ "ಟಕ್" ಅನ್ನಿಸಬೇಕು. ಆಮೇಲೆಯೇ ಕೀಲಿಕೈ ಕೊಡುತ್ತೇವೆ. ದಪ್ಪ ಇರುವವರು ಯಾರು ಅಂತ ಮನೆಯಲ್ಲೇ ತೀರ್ಮಾನ ಮಾಡಿಕೊಂಡು ಬನ್ನಿ, ನಮ್ಮನ್ನು ಕೇಳಬೇಡಿ.

ಇಂತಿ ನಿಮ್ಮ,
ಕುಶನ್ ಅಂಗಡಿಯವರು
ಕಂಕನಾಡಿ, ಮಂಗಳೂರು